ಆರು ಊರಿನ ಕಾಲು ನೋಡಿದ ಕಾಕಾ

ನಮ್ಮ ಕಾಕಾನ ಕಾಲಿಗೆ ಆರು ಊರಿನ ಜನ ಬೀಳುತ್ತಾರೆ. ಕಾಕಾ ಮಾತ್ರ ಆ ಆರು ಊರಿನ ಹುಡುಗರ ಕಾಲು ನೋಡುತ್ತಾನೆ! ಜನ ಭಕ್ತಿಯಿಂದ ಬಾಗಿದಾಗ ಇವನು ಮೇಲಿನಿಂದ ಕಣ್ಣು ಕಿರಿದು ಮಾಡಿ, ‘ಈ ಮೊಣಕಾಲು ತೊಂಬತ್ತು ನಿಮಿಷ ತಡೆದೀತೇ?’ ಎಂದು ಯೋಚಿಸುತ್ತಿರುತ್ತಾನೆ. ಇಂಥ ಜಂಗಮನನ್ನು ನೀವು ಬೇರೆ ಎಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ದಯವಿಟ್ಟು ತಿಳಿಸಿ, ಇಬ್ಬರನ್ನೂ ಒಂದೇ ಮಠದಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕೋಣ.

ನಮ್ಮದು ಗಡಿಯಾಚೆಯ ಮರಾಠಿ ಸೀಮೆ, ಉಮರ್ಗಾ ತಾಲೂಕಿನ ದಾಳಿಂಬ. ತಲೆಮಾರುಗಳಿಂದ ಸುತ್ತಲಿನ ಮನೆಗಳಿಗೆ ನಾವೇ ಅಯ್ಯನೋರು. ಲಿಂಗಧಾರಣೆ ಇರಲಿ, ಮನೆಶಾಂತಿ ಇರಲಿ, ಮದುವೆ ಇರಲಿ, ಕಾಕಾ ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೈಕಿಗೆ ಕಿಕ್ ಹೊಡೆಯುತ್ತಾನೆ. ಅದು ಅವನ ಕಾಯಕ. ಹುಚ್ಚು ಬೇರೆಯೇ ಇದೆ: ದಾಳಿಂಬದ ಫುಟ್‌ಬಾಲ್ ತಂಡಕ್ಕೆ ಅವನೇ ಮ್ಯಾನೇಜರ್.

ಉದಗೀರ, ನಿಲಂಗಾ, ಉಮರ್ಗಾ, ಜಳಕೋಟ, ಶಿರೂರ ಅನಂತಪಾಳ ಮತ್ತು ನಾವು, ಹೀಗೆ ಆರು ತಂಡಗಳ ಲೀಗು ನಮ್ಮದು. ಪ್ರತಿ ವರ್ಷ ಕ್ಯಾಪ್ಟನ್ ಒಬ್ಬನನ್ನು ಬಿಟ್ಟು ಉಳಿದೆಲ್ಲ ಆಟಗಾರರ ಹೆಸರನ್ನೂ ಒಂದೇ ಪಟ್ಟಿಗೆ ಸುರಿದು, ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಉದಗೀರದ ಯಾರೋ ಮೊಬೈಲಿನಲ್ಲಿ ಅಮೆರಿಕದವರ ಆಟ ನೋಡಿ ಕಲಿತು ತಂದ ಈ ಪದ್ಧತಿಗೆ ‘ಡ್ರಾಫ್ಟ್’ ಎಂದು ಹೆಸರು. ಅದರಲ್ಲಿ ಒಂದು ಕರುಣೆಯ ನಿಯಮವಿದೆ: ಹೋದ ವರ್ಷ ಕೊನೆಗೆ ಬಂದವರು ಈ ವರ್ಷ ಮೊದಲು ಆರಿಸಬೇಕು. ಹಾಗಾದರೆ ಈ ವರ್ಷದ ಮೊದಲ ಆಯ್ಕೆ ಯಾರದು? ಕೇಳಬೇಕೇ? ನಮ್ಮದೇ!

ನಾವು ಕೊನೆಗೆ ಯಾಕೆ ಬಂದೆವು? ದಾಳಿಂಬದಲ್ಲಿ ಯಾರನ್ನು ಬೇಕಾದರೂ ವಿಚಾರಿಸಿ. ಶೇರ್ ಆಟೋದವನನ್ನು ಕೇಳಿ, ತೊಗರಿ ಹೊಲದಲ್ಲಿ ಕಳೆ ತೆಗೆಯುವ ಅಜ್ಜಿಯನ್ನು ಕೇಳಿ. ಎಲ್ಲರದೂ ಒಂದೇ ಉತ್ತರ: “ಗೋಲ್‌ಕೀಪರ್ ಬೇಕಾರ್ ಹಾನ.” ಫುಟ್‌ಬಾಲ್ ದುಂಡಗಿದೆಯೋ ಚೌಕವೋ ಗೊತ್ತಿಲ್ಲದವರಿಗೂ ಗೋಲ್‌ಕೀಪರ್ ಕೆಲಸಕ್ಕೆ ಬಾರದವನು ಎಂಬುದೊಂದು ಗೊತ್ತು. ಆ ಗೋಲ್‌ಕೀಪರ್ ಯಾರೆಂದು ನೀವು ಕೇಳಬಾರದಿತ್ತು. ಕೇಳಿಬಿಟ್ಟಿರಿ.

ನಾನು.

ಹೋದ ವರ್ಷ ನಾನು ಎಷ್ಟು ಗೋಲು ಬಿಟ್ಟೆ ಎಂಬುದನ್ನು ಹೇಳುವುದಿಲ್ಲ. ಬಲೆ ಹರಿದು ಎರಡು ಸಲ ಹೊಲಿಸಬೇಕಾಯಿತು, ಅಷ್ಟು ಸಾಕು. ಈ ವರ್ಷ ಪಟ್ಟಿಯಿಂದ ನನ್ನನ್ನು ಯಾರೂ ಆರಿಸದಿದ್ದರೆ ಇಡೀ ಹಂಗಾಮು ಗೆರೆಯ ಆಚೆ ನಿಂತು ಬೇರೆಯವರಿಗೆ ಚಪ್ಪಾಳೆ ತಟ್ಟಬೇಕು. ಅದನ್ನಾದರೂ ತಟ್ಟಬಹುದಿತ್ತು. ಆದರೆ ‘ನಾ ಇಲ್ಲಾ ಅಂದ್ರ ತಂಡಾನೇ ಇಲ್ಲ’ ಎಂದು ಇಡೀ ಕಾಲೇಜಿನ ಮುಂದೆ ಕೊಚ್ಚಿಕೊಂಡವನು ನಾನು. ಈಗ ಯಾವ ಮುಖ ಹೊತ್ತು ಕ್ಲಾಸಿಗೆ ಹೋಗಲಿ?

ಅಣ್ಣನ ಮಗನಿಗೆ ಇಂಥ ಸಂಕಟ ಬಂದಾಗ ಒಳ್ಳೆಯ ಕಾಕಾ ಏನು ಮಾಡುತ್ತಾನೆ? ಬೆನ್ನು ಸವರುತ್ತಾನೆ. ನಮ್ಮ ಕಾಕಾ ಜೋಳಿಗೆ ತಂದು ನನ್ನ ಕೈಗೆ ಕೊಟ್ಟ.

“ತಂಡಕ್ಕ ಏನ್ ಬೇಕಾಗ್ಯದ ಅಂತ ನನಗ ಗೊತ್ತದ. ಹುಡುಕ್ಲಿಕ್ಕ ಹೋಗೋಣು, ನಡಿ.”

“ನಾ ಯಾಕ ಬರ್ಲಿ?”

“ಬಾಳೆಹಣ್ಣು ಹಿಡ್ಕೊಂಡು ಹಿಂದ ಕೂಡ್ಲಿಕ್ಕ ಯಾರರೆ ಬೇಕಲ್ಲ!”

ನೋಡಿದಿರಾ? ಎರಡನೇ ಹೆಂಡತಿಯನ್ನು ನೋಡಲು ಹೋಗುವಾಗ ಮೊದಲನೆಯವಳ ತಲೆಯ ಮೇಲೇ ಹೂವು ಹಣ್ಣಿನ ಬುಟ್ಟಿ ಹೊರಿಸಿದ ಹಾಗೆ! ನನ್ನ ಜಾಗಕ್ಕೆ ಬರುವವನನ್ನು ಹುಡುಕಲು ನಾನೇ ಬೈಕಿನ ಹಿಂದೆ ಕೂತು ಹೊರಟೆ.

ಮೊದಲು ಹೋದದ್ದು ನಿಲಂಗಾಕ್ಕೆ. ಒಂದು ಮನೆಯಲ್ಲಿ ಪೂಜೆ ಮುಗಿದು ಎಲ್ಲರೂ ಕಾಕಾನಿಗೆ ನಮಸ್ಕಾರ ಮಾಡುತ್ತಿದ್ದರು. ಮನೆಯ ಮಗ ಭರ್ಜರಿ ಆಳು, ನಿಲಂಗಾ ತಂಡದ ಆಟಗಾರ. ಅವನು ಬಾಗಿದ. ಕಾಕಾ ಆಶೀರ್ವಾದ ಮಾಡುವುದನ್ನು ಬಿಟ್ಟು, “ಎಡಗಾಲಿಗಿ ಏನಾಗ್ಯದ?” ಎಂದ.

ಅವನ ತಾಯಿಯ ಮುಖ ಬಿಳಿಚಿಕೊಂಡಿತು. “ಸ್ವಾಮ್ಯಾರ, ಏನ್ ಕಂಡದ ನಿಮಗ? ಶನಿ ಕಾಡ್ಲಿಕತ್ತದೇನ್ರಿ?”

“ಶನಿ ಅಲ್ಲವ್ವಾ, ಸಂದು. ಮೊಣಕಾಲ್ ಸಂದು. ಬಗ್ಗೂದು ನೋಡಿದ್ರ ಗೊತ್ತಾಗ್ತದ.”

ಆಕೆ ಸಂದೆಂಬುದು ಶನಿಗಿಂತ ದೊಡ್ಡ ಗ್ರಹ ಎಂದು ತಿಳಿದಳು. ಮರುದಿನದಿಂದ ಮಗನನ್ನು ಮೈದಾನಕ್ಕೆ ಬಿಡಲಿಲ್ಲ. ನಿಲಂಗಾದ ಹುಲಿಯಂಥ ಆಟಗಾರ ಮೂರು ವಾರ ಎಳ್ಳೆಣ್ಣೆ ಹಚ್ಚಿಸಿಕೊಂಡು ಹಗ್ಗದ ಮಂಚದ ಮೇಲೆ ಮಲಗಿದ. ಎದುರಾಳಿಯನ್ನು ಆಶೀರ್ವಾದದಿಂದಲೇ ಗಾಯಗೊಳಿಸಿದ ಮ್ಯಾನೇಜರ್ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು.

ಆಮೇಲೆ ಶುರುವಾಯಿತು ಬಾಳೆಹಣ್ಣಿನ ಪರೀಕ್ಷೆ. ಪೂಜೆಯ ಕೊನೆಗೆ ಪ್ರಸಾದ ಹಂಚುವಾಗ ಕಾಕಾ ಹಿರಿಯರಿಗೆಲ್ಲ ಕೈಯಲ್ಲಿ ಕೊಟ್ಟು, ದೂರ ನಿಂತ ಹುಡುಗರಿಗೆ ಮಾತ್ರ ‘ಲೇ, ತಗೋ!’ ಎಂದು ಎಸೆಯುತ್ತಿದ್ದ. ಹಿಡಿಯುತ್ತಾರೋ ಬಿಡುತ್ತಾರೋ ನೋಡಲಿಕ್ಕೆ ಎಂದು ನಾನು ತಿಳಿದೆ. ನನ್ನನ್ನು ರೇಗಿಸಿದ್ದು ಏನು ಗೊತ್ತೇ? ಹಣ್ಣು ಎಸೆದ ಮೇಲೆ ಕಾಕಾ ಅವರ ಕೈ ನೋಡುತ್ತಲೇ ಇರಲಿಲ್ಲ. ಅಲ್ಲೂ ಕಾಲೇ! ಗೋಲ್‌ಕೀಪರನನ್ನು ಹುಡುಕುವವನು ಕೈ ನೋಡಬೇಕೋ ಬೇಡವೋ ನೀವೇ ಹೇಳಿ.

ಮನೆಯಲ್ಲಿ ಕಾಕಾನ ಹೆಂಡತಿ ಕಾಕುಗೆ ಈ ಸುದ್ದಿ ಹೇಗೋ ಮುಟ್ಟಿತು.

“ದೇವ್ರ ಪ್ರಸಾದ ಹಾರಸ್ತೀರಂತ! ನಾಚ್ಗಿ ಬರಂಗಿಲ್ಲೇನ್ರಿ?”

“ಹಾರಸಂಗಿಲ್ಲ. ಕಳಸ್ತೀನಿ.”

“ಕಳಸೂದಿದ್ರ ಕೈಯಾಗ ಕೊಟ್ಟು ಬರ್ರಿ. ನಾಳಿಗಿ ಪಾದೋದಕಾನೂ ಪೈಪ್ ಹಚ್ಚಿ ಸಿಡಸ್ತೀರೋ ಏನೋ!”

ಕಾಕಾ ಆ ಸಲಹೆಯನ್ನು ಗಂಭೀರವಾಗಿ ಯೋಚಿಸುತ್ತಿದ್ದಾನೆಂದು ಮುಖದಲ್ಲೇ ಕಾಣುತ್ತಿತ್ತು.

ಆಗಬಾರದ್ದು ಶಿರೂರ ಅನಂತಪಾಳದಲ್ಲಿ ಆಯಿತು. ಅಲ್ಲೊಂದು ಮನೆಶಾಂತಿ. ಕಾಕಾ ಬಾಗಿಲ ಬಳಿ ನಿಂತ ಹುಡುಗನಿಗೆ ಗುರಿಯಿಟ್ಟ. ಹುಡುಗ ಸರಿದ. ಹಣ್ಣು ನೇರವಾಗಿ ಹೋಗಿ, ಅದೇ ವಾರ ಮದುವೆಯಾಗಿದ್ದ ಹೊಸ ಅಳಿಯನ ಬಿಳಿ ಅಂಗಿಗೆ ಬಡಿದು ಪಚಕ್ಕೆಂದಿತು. ಅಳಿಯ ಮಾವನ ಮುಖ ನೋಡಿದ, ಮಾವ ಕಾಕಾನ ಮುಖ ನೋಡಿದ. ನಾನು ಬಾಗಿಲು ಎಷ್ಟು ದೂರವಿದೆ ನೋಡಿದೆ.

“ಸ್ವಾಮ್ಯಾರ, ಇದು ಯಾವ ಪದ್ಧತಿರಿ?” ಎಂದ ಯಜಮಾನ.

ಕಾಕಾ ಕಣ್ಣು ಪಿಳುಕಿಸಲಿಲ್ಲ. “ಹೊಸ ಅಳ್ಯಾಗ ಹಿಂಗೇ ಕೊಡ್ಬೇಕು. ಎದಿಗಿ ಮುಟ್ಟಬೇಕು. ಸಂಸಾರ ಗಟ್ಟಿ ಆಗ್ತದ.”

ಇಡೀ ಮನೆ ‘ಹೌದಾ!’ ಎಂದು ತಲೆಯಾಡಿಸಿತು. ಅಳಿಯ ಅಂಗಿ ಒರೆಸಿಕೊಳ್ಳುವುದನ್ನು ನಿಲ್ಲಿಸಿ ಎದೆ ಸೆಟೆಸಿ ಕೂತ. ಹದಿನೈದು ದಿನ ಬಿಟ್ಟು ಅದೇ ಊರಿನ ಇನ್ನೊಂದು ಮನೆಗೆ ಹೋದಾಗ ಯಜಮಾನಿ ಕೈಮುಗಿದು ಹೇಳಿದಳು: “ಸ್ವಾಮ್ಯಾರ, ನಮ್ಮ ಅಳ್ಯಾಗೂ ಒಂದು ಹೊಡೀರಿ. ಆಕಡಿ ಮನಿಯವ್ರಿಗಿ ಹೊಡ್ದೀರಂತ.”

ಜಳಕೋಟದ ಲಿಂಗಧಾರಣೆಯ ಊಟವನ್ನು ಮಾತ್ರ ನಾನು ಜನ್ಮದಲ್ಲಿ ಮರೆಯುವುದಿಲ್ಲ. ಅಂಗಳದಲ್ಲಿ ಪಂಗತಿ ಕೂತಿತ್ತು. ನನ್ನ ಎಲೆಗೆ ಮೂರನೇ ಹೋಳಿಗೆ ಬೀಳುವ ಮುಹೂರ್ತ. ಆಗ ಕೊಟ್ಟಿಗೆಯಲ್ಲಿದ್ದ ಹೋರಿಯೊಂದು ಹಗ್ಗ ಹರಿದುಕೊಂಡು ನೇರ ನಮ್ಮ ಮೇಲೆ ನುಗ್ಗಿತು! ಜನ ಎದ್ದು ಬಿದ್ದು ಓಡಿದರು. ನಾನು ಓಡಲಿಲ್ಲ, ಹಾರಿದೆ. ಹೋಳಿಗೆ ಸಮೇತ. ಸಾರು ಬಡಿಸುತ್ತಿದ್ದ ಹುಡುಗನೊಬ್ಬ ಮಾತ್ರ ನಿಂತಲ್ಲೇ ನಿಂತ. ಅವನ ಹಿಂದೆ ಒಬ್ಬ ಮುದುಕಿ ಏಳಲಾರದೆ ಕೂತಿದ್ದಳು. ಹೋರಿ ಹತ್ತಿರ ಬರುವವರೆಗೆ ಕಾದು, ಎಡಗಾಲು ಒಂದೇ ಒಂದು ಹೆಜ್ಜೆ ಸರಿಸಿ, ಹೆಗಲು ಅಡ್ಡಕೊಟ್ಟು ಅದನ್ನು ಬೇಲಿಯ ಕಡೆ ತಿರುಗಿಸಿಬಿಟ್ಟ. ಕೈಯಲ್ಲಿದ್ದ ಬಕೆಟ್ಟಿನಿಂದ ಒಂದು ಹನಿ ಸಾರು ಚೆಲ್ಲಲಿಲ್ಲ. ಆಮೇಲೆ ಮುದುಕಿಯ ಕಡೆ ತಿರುಗಿ, “ಆಯಿ, ಸಾರು ಹಾಕ್ಲ್ಯಾ?” ಎಂದ.

ನಾನು ಗೋಡೆಯ ಮೇಲಿನಿಂದ ನೋಡುತ್ತಿದ್ದೆ. ಕಾಕಾ ಊಟ ಬಿಟ್ಟು, ಜೋಳಿಗೆಯಿಂದ ಪಂಚಾಂಗ ತೆಗೆದು ಅದರಲ್ಲಿ ಏನೋ ಗೀಚಿಕೊಂಡ. ಹೋರಿ ನುಗ್ಗಿದ ಗಳಿಗೆ ಎಂಥದ್ದೆಂದು ನೋಡುತ್ತಿರಬೇಕು ಎಂದುಕೊಂಡು ನಾನು ಗೋಡೆಯ ಮೇಲೇ ಹೋಳಿಗೆ ಮುಗಿಸಿದೆ.

ಕೊನೆಗೆ ಉದಗೀರ. ನಾನು ಹೆದರಿದ್ದು ಇದಕ್ಕೇ. ಅಲ್ಲೊಬ್ಬ ಗೋಲ್‌ಕೀಪರ್ ಇದ್ದಾನೆ. ಮನುಷ್ಯ ಅನ್ನುವುದಕ್ಕಿಂತ ಲೈಟಿನ ಕಂಬ ಅನ್ನಬಹುದು. ಮೈದಾನದಲ್ಲಿ ಅವನು ಅಭ್ಯಾಸ ಮಾಡುತ್ತಿದ್ದಾಗ ಕಾಕಾ ಬಾಳೆಹಣ್ಣು ಎಸೆದ. ಅವನು ಆ ಕಡೆ ನೋಡುತ್ತಲೇ ಈ ಕೈಯಲ್ಲಿ ಹಿಡಿದು, ಸುಲಿದು, ತಿಂದು, ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟ. ನನ್ನ ಕೈಗೆ! ಕಾಕಾ ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತಿದ್ದ. ಮುಗಿಯಿತು ನನ್ನ ಕಥೆ ಎಂದು ಸಿಪ್ಪೆ ಹಿಡಿದುಕೊಂಡೇ ಬೈಕು ಹತ್ತಿದೆ. ದಾರಿಯುದ್ದಕ್ಕೂ ಕೇಳಿದೆ, “ಕಾಕಾ, ಯಾರಿಗಿ ತಗೋತಿ?” ಅವನ ಉತ್ತರ ಒಂದೇ: “ಬಾಳೆಹಣ್ಣು ಉಳದಾವೇನು?”

ಡ್ರಾಫ್ಟ್ ನಡೆದದ್ದು ನಿಲಂಗಾದ ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ಝಗಮಗ ಇನ್ನೂ ತೆಗೆದಿರಲಿಲ್ಲ. ವರ ಕೂಡುವ ಬಂಗಾರ ಬಣ್ಣದ ಕುರ್ಚಿಯಲ್ಲಿ ಲೀಗಿನ ಅಧ್ಯಕ್ಷರು ಪಟ್ಟಿ ಹಿಡಿದು ಕೂತಿದ್ದರು, ವಧುವಿನ ಕುರ್ಚಿಯಲ್ಲಿ ಫುಟ್‌ಬಾಲ್ ಇತ್ತು. ನಮ್ಮ ಕ್ಯಾಪ್ಟನ್ ಕಾಕಾನ ಕಿವಿಯಲ್ಲಿ ಹತ್ತು ಸಲ ಜಪಿಸಿದ: “ಕಾಕಾ, ಉದಗೀರದ ಆ ಉದ್ದ ಹುಡುಗ. ಬ್ಯಾರೆ ಹೆಸರು ಬಾಯಾಗ ತರಬ್ಯಾಡ್ರಿ.” ಕಾಕಾ ಪೂಜೆಗೆ ಕೂತವನ ಹಾಗೆ ಕಣ್ಣು ಮುಚ್ಚಿದ್ದ. ನಾನು ಜೋಳಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

“ದಾಳಿಂಬ! ಪಹಿಲಾ ನಂಬರ್ ನಿಮ್ದು. ಬೋಲಾ!” ಎಂದರು ಅಧ್ಯಕ್ಷರು.

ಕಾಕಾ ಕೂತಲ್ಲಿಂದಲೇ ಹೇಳಿದ: “ಜಳಕೋಟದಾಗ ಸಾರಿನ ಬಕೀಟ್ ಹಿಡಿದಿದ್ದ ಹುಡುಗ.”

“ಹೆಸರು?”

“ಹೆಸರು ಕೇಳಿಲ್ಲ.”

ಕಾರ್ಯಾಲಯದ ತಗಡು ಹಾರಿಹೋಗುವಷ್ಟು ನಗು! ಜಳಕೋಟದ ಮ್ಯಾನೇಜರ್ ಕಣ್ಣೊರೆಸಿಕೊಂಡು, “ಸ್ವಾಮ್ಯಾರ, ಅಂವಾ ಎಡಗಡಿ ಬ್ಯಾಕ್ ಆಡ್ತಾನರಿ. ನಮ್ಮಲ್ಲಿ ಹನ್ನೊಂದ್ ಮಂದ್ಯಾಗೂ ಇರ್ಲಿಲ್ಲ. ಆರಾಮಾಗಿ ಒಯ್ರಿ,” ಎಂದ. ಎರಡನೇ ಸರದಿಯ ಶಿರೂರದವರು ಉಸಿರು ತೆಗೆದುಕೊಳ್ಳುವುದರೊಳಗೆ ಲೈಟಿನ ಕಂಬವನ್ನು ಕಿತ್ತುಕೊಂಡು ಹೋದರು.

ಕ್ಯಾಪ್ಟನ್ ಅಳುವುದೊಂದು ಬಾಕಿ. “ಏನ್ ಮಾಡಿದ್ರಿ ಕಾಕಾ! ನಮಗ ಗೋಲ್‌ಕೀಪರ್ ಬೇಕಾಗಿತ್ತಲ್ರಿ!”

“ಗೋಲ್‌ಕೀಪರ್ ಹಾನಲ್ಲ.”

“ಎಲ್ಲಿ ಹಾನ?”

ಕಾಕಾ ಗದ್ದ ಎತ್ತಿ ಬಾಗಿಲ ಕಡೆ ತೋರಿಸಿದ. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

“ಇಂವಾ?” ಕ್ಯಾಪ್ಟನ್ ಕೂಗಿದ. “ಹೋದ ವರ್ಷ ಇಂವಾ ಎಷ್ಟ್ ಗೋಲ್ ಬಿಟ್ಟಾನ ಗೊತ್ತದೇನ್ರಿ?”

“ಎಷ್ಟು ಅಂತ ಎಲ್ಲಾರೂ ಎಣ್ಸೀರಿ. ಎಲ್ಲಿಂದ ಬಂದಾವ ಅಂತ ಯಾರರೆ ನೋಡೀರೇನು?”

ಕಾಕಾ ನನ್ನನ್ನು ಹತ್ತಿರ ಕರೆದು, ಜೋಳಿಗೆಯಿಂದ ಹೋದ ವರ್ಷದ ಪಂಚಾಂಗ ತೆಗೆದು ಅವನ ಮುಂದೆ ಬಿಚ್ಚಿ ಹಿಡಿದ. ನಾನೂ ಇಣುಕಿದೆ. ನಮ್ಮ ಒಂದೊಂದು ಪಂದ್ಯದ ದಿನ, ತಿಥಿ ನಕ್ಷತ್ರದ ಪಕ್ಕದಲ್ಲಿ ಪೆನ್ಸಿಲಿನಿಂದ ಗೋಲುಗಂಬ ಬರೆದು ಚುಕ್ಕೆ ಇಟ್ಟಿದ್ದ. ಒಂದು ಗೋಲಿಗೆ ಒಂದು ಚುಕ್ಕೆ, ಚೆಂಡು ಬಂದ ಕಡೆಗೆ. ಬಲಗಡೆ ಎಲ್ಲೋ ಎರಡು ಮೂರು. ಎಡಗಡೆ ಇರುವೆ ಮುತ್ತಿದ ಹಾಗೆ ಕರ್ರಗೆ ಚುಕ್ಕೆಯೋ ಚುಕ್ಕೆ.

“ಎಡಗಡಿ ಯಾರು ನಿಂದಿರ್ತಿದ್ರು?” ಕಾಕಾ ಮೆಲ್ಲಗೆ ಕೇಳಿದ.

ಕ್ಯಾಪ್ಟನ್ ಪಂಚಾಂಗದಿಂದ ಕಣ್ಣು ತಿರುಗಿಸಿದ. ಅಲ್ಲಿ ನಿಲ್ಲಬೇಕಾದವನು ಅವನ ಖಾಸಾ ಅಣ್ಣ. ನಿಂತದ್ದು ಮಾತ್ರ ಕಡಿಮೆ. ಚೆಂಡು ಕಂಡರೆ ಸಾಕು, ತಾನೇ ಗೋಲು ಹೊಡೆಯುತ್ತೇನೆಂದು ಮುಂದೆ ಓಡಿಬಿಡುತ್ತಿದ್ದ. ಇಂಥ ಮಾತನ್ನು ಕ್ಯಾಪ್ಟನನ ಮುಂದೆ ಆಡುವ ಧೈರ್ಯ ಊರಲ್ಲಿ ಯಾರಿಗಿತ್ತು? ನನಗಂತೂ ಇರಲಿಲ್ಲ. ನಿಜ ಹೇಳಲೇ? ಎಲ್ಲರೂ ಬೇಕಾರ್ ಎಂದದ್ದು ಕೇಳಿ ಕೇಳಿ ನಾನೂ ಅದನ್ನೇ ನಂಬಿಬಿಟ್ಟಿದ್ದೆ. ಮೇಲೆ ಮೇಲೆ ಕೊಚ್ಚಿಕೊಂಡದ್ದು ಅದಕ್ಕೇ.

“ಮೂರ್ ಮೂರ್ ಮಂದಿ ಮೈಮ್ಯಾಲ ಬರ್ತಿದ್ರು,” ಎಂದ ಕಾಕಾ. “ಇಂವಾ ಒಬ್ಬನೇ ನಿಂದಿರ್ತಿದ್ದ. ಒಂದಿನಾನೂ ಜಾಗಾ ಬಿಟ್ಟು ಓಡಿಲ್ಲ. ನೀವೆಲ್ಲಾ ಗೋಲ್ ನೋಡೀರಿ. ನಾ ಹುಡುಗಗ ನೋಡೀನಿ. ಅಂವನ ಮುಂದ ನಿಂದರ್ಲಿಕ್ಕ ಒಬ್ಬಾವ ಬೇಕಾಗಿದ್ದ. ಸಿಕ್ಕ. ಮುಗೀತು.”

ಸುತ್ತುಗಳು ಸಾಗಿದವು. ಯಾವ ತಂಡವೂ ನನ್ನ ಹೆಸರಿನ ಹತ್ತಿರ ಸುಳಿಯಲಿಲ್ಲ. ಸುಳಿಯುವ ದಡ್ಡರಿಲ್ಲ ಎಂಬ ಭರವಸೆ ಕಾಕಾನಿಗೆ ಮೊದಲಿನಿಂದಲೂ ಇತ್ತಂತೆ! ಕೊನೆಯ ಸುತ್ತು ಬಂತು. ಅಧ್ಯಕ್ಷರು ಆಕಳಿಸುತ್ತ, “ದಾಳಿಂಬ, ಉಳದದ್ದು ಯಾವ್ದರೆ ಒಂದ್ ಹೆಸರು ಹೇಳ್ರಿ, ಚಾ ಕುಡಿಯೋಣು,” ಎಂದರು.

ಕಾಕಾ ಎದ್ದು ನಿಂತ. ಅಲ್ಲಿಯವರೆಗೆ ಯಾರೂ ಎದ್ದು ನಿಂತು ಹೆಸರು ಹೇಳಿರಲಿಲ್ಲ. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. ಆಮೇಲೆ, ಪೂಜೆಯಲ್ಲಿ ಸಂಕಲ್ಪ ಹೇಳುವಾಗ ಇಡೀ ಮನೆ ಸುಮ್ಮನಾಗುತ್ತದಲ್ಲ, ಅದೇ ದನಿಯಲ್ಲಿ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಮನೆತನ, ಊರು, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ. ಪಟ್ಟಿ ಬರೆಯುವವನು ಪೆನ್ನು ನಿಲ್ಲಿಸಿ ತಲೆ ಎತ್ತಿ ನೋಡಿದ.

ಆರು ತಂಡದವರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ನಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಸಿಕ್ಕಿರಲಿಲ್ಲ. ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದೆ.

“ಹಾಜರ್,” ಎಂದೆ. ಅಷ್ಟೇ ಬಂತು.