ಮಾವನ ಕಾರಿಗೆ ಏಳು ಮಂದಿ ಜಾಮೀನು

ನಮ್ಮ ಸೋದರಮಾವ ಜೀವಮಾನದಲ್ಲಿ ಚೌಕಾಶಿ ಮಾಡದೆ ಕೊಂಡ ವಸ್ತು ಒಂದೂ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಾಗಾದರೆ ಅಂಚೆ ಕಾಗದ? ಎಂದು ಕೇಳುತ್ತೀರಿ. ಹೇಳುತ್ತೇನೆ. ರಾಯಚೂರಿನ ಅಂಚೆ ಕಚೇರಿಯಲ್ಲಿ ಒಂದೇ ಸಲಕ್ಕೆ ಹತ್ತು ಇನ್‌ಲ್ಯಾಂಡ್ ಪತ್ರ ಕೊಂಡು, "ಹತ್ತು ತಗೊಂಡೀನ್ರಿ, ಮ್ಯಾಲೊಂದು ಹಾಕ್ರಿ" ಎಂದು ಕಿಟಕಿಯೊಳಗೆ ಕೈ ಚಾಚಿ ಕಾಲು ಗಂಟೆ ನಿಂತವರು ಅವರು! ಹಿಂದೆ ಸಾಲು ಬೆಳೆಯಿತು, ಗೊಣಗಾಟ ಬೆಳೆಯಿತು. ಕೊನೆಗೆ ಗುಮಾಸ್ತ ತನ್ನ ಜೇಬಿನ ದುಡ್ಡು ಗಲ್ಲಾಕ್ಕೆ ಹಾಕಿ ಹನ್ನೊಂದನೆಯ ಪತ್ರ ಕೊಟ್ಟು ಕೈ ಮುಗಿದ. ಮಾವ ಮನೆಗೆ ಬಂದು, "ಸರಕಾರಾನೂ ಬಗ್ತದ. ಕೇಳೋರಿಲ್ಲ, ಅಷ್ಟ" ಎಂದರು.

ಇಂಥವರು ಒಂದು ದಿನ ವಿಮೆ ಕೊಳ್ಳಲು ಹೊರಟರು. ಅದೂ ನನಗಾಗಿ.

ಮಾವನದು ಕಂಬಳಿ ವ್ಯಾಪಾರ. ಹುಟ್ಟೂರು ಅರಕೇರಾ, ಮನೆ ಅಂಗಡಿ ಎರಡೂ ರಾಯಚೂರಿನಲ್ಲಿ. ದೇವದುರ್ಗ, ಮಾನ್ವಿಯ ಸಂತೆಗಳಿಗೆ ಕಂಬಳಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಗಂಟಿಗೆ ಲಗೇಜು ಚೀಟಿ ಹರಿಯುವ ವಿಷಯದಲ್ಲಿ ಕಂಡಕ್ಟರುಗಳು ಯಾರೂ ಬಗ್ಗಲಿಲ್ಲ. ಆ ಸಿಟ್ಟಿಗೆ ಮಾವ ಸರಕಾರಿ ಹರಾಜಿನಲ್ಲಿ ಒಂದು ಹಳೆಯ ಕಾರನ್ನೇ ಕೊಂಡುಬಿಟ್ಟರು! ಆದರೆ ಕಾರು ನಡೆಸಲು ಅವರಿಗೆ ಬಾರದು, ಕಲಿಯುವ ಧೈರ್ಯವೂ ಇಲ್ಲ. ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತು, ಕಾರು ಹೊರಟ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ಯಾಕೆಂದು ಕೇಳಿದರೆ, "ತೆರದ್ರ ಎದುರಿಗಿ ಬರೋ ಲಾರಿ ಕಾಣ್ತದ" ಎನ್ನುತ್ತಿದ್ದರು. ಮುಂದಿನ ಸೀಟು ಕಂಬಳಿಗೆ ಮೀಸಲು. ಡ್ರೈವರ್ ಪಕ್ಕದಲ್ಲಿ ಗಂಟು, ಹಿಂದೆ ಮಾಲೀಕ.

ಪಗಾರದ ಚೌಕಾಶಿಯಲ್ಲಿ ಮೊದಲನೆಯ ಡ್ರೈವರ್ ಓಡಿಹೋದ. ಎರಡನೆಯವನೂ ಹೊರಡುವ ಸೂಚನೆ ಕಂಡಾಗ ಮಾವನಿಗೆ ಒಂದು ವಿಚಾರ ಹೊಳೆಯಿತು. ಪಿಯುಸಿ ಓದಲೆಂದು ನಾನು ಅವರ ಮನೆಯಲ್ಲೇ ಇದ್ದೆ. ಅಕ್ಕನ ಮಗಳು ಪಗಾರ ಕೇಳುವುದಿಲ್ಲ! ಎರಡನೆಯ ಡ್ರೈವರ್ ಹೋಗುವ ಮೊದಲು ಊರಾಚೆಯ ಬಯಲಿನಲ್ಲಿ ನನಗೆ ಕಾರು ಕಲಿಸಿದ. ಹದಿನೆಂಟು ತುಂಬಿದ ತಿಂಗಳೇ ಲೈಸೆನ್ಸ್ ಕೈಗೆ ಬಂತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಲಂಗ ದಾವಣಿಯ ಹುಡುಗಿ ಸ್ಟೀರಿಂಗ್ ಹಿಡಿದರೆ ಓಣಿಯ ಜನ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಗೌರವಕ್ಕೆ ಅಂತ ನಾನು ತಿಳಿದಿದ್ದೆ.

ಅಷ್ಟರಲ್ಲಿ ಪಿಯುಸಿ ಮುಗಿಯಿತು. ಶಕ್ತಿನಗರದಲ್ಲಿ ವೆಲ್ಡರ್ ಆಗಿದ್ದ ನಮ್ಮಪ್ಪ ನನ್ನನ್ನು ಅರಕೇರಾದ ನಮ್ಮ ಮನೆಗೆ ಕರೆದೊಯ್ಯಲು ಬಂದ. ಯಾವುದೋ ಸಂಬಂಧದ ಮಾತು ನಡೆದಿತ್ತು. ನಾನು ಅಡುಗೆಮನೆಯಲ್ಲಿ ಅತ್ತೆಯ ಸೆರಗು ಹಿಡಿದು ಅಳುತ್ತಿದ್ದೆ. ನನಗೆ ಬಿ.ಎಸ್ಸಿ. ಓದುವ ಆಸೆ. ಹೊರಗೆ ಮಾವನ ದನಿ ಕೇಳಿಸಿತು.

"ಆಕಿನ್ನ ಕರಕೊಂಡ ಹೋದ್ರ ನನ್ನ ಗಾಡಿ ಯಾರ ಹೊಡಿತಾರ ಭಾವಾ? ಮೂರು ವರ್ಷ ಇರ್ಲಿ. ಹೊತ್ತು ಹೋಗಾಕ ಡಿಗ್ರಿನೂ ಓದ್ತಾಳ."

ಹೊತ್ತು ಕಳೆಯಲು ಡಿಗ್ರಿ! ಕಾರ್ಖಾನೆಯಲ್ಲಿ ದಿನವೂ 'ಸುರಕ್ಷತೆ ಮೊದಲು' ಎಂಬ ಬೋರ್ಡಿನ ಕೆಳಗೆ ಕೆಲಸ ಮಾಡುವವ ನಮ್ಮಪ್ಪ. "ಆತು. ಆದ್ರ ಪೂರಾ ವಿಮಾ ಮಾಡಸು. ಕಾಯದೆಕ್ಕ ಬೇಕಾಗಿದ್ದಷ್ಟ ಅಲ್ಲ, ಪೂರಾ. ಕಾಲೇಜ್ ಸುರು ಆಗೋದ್ರೊಳಗ ಕಾಗದ ತೋರಿಸು. ಇಲ್ಲಾಂದ್ರ ಹುಡುಗಿ ಊರಿಗಿ" ಎಂದು ಹೊರಟುಹೋದ.

ಹೀಗೆ ನನ್ನ ಬಿ.ಎಸ್ಸಿ. ಪದವಿ ಮಾವನ ಚೌಕಾಶಿಯ ಮೇಲೆ ನಿಂತಿತು.

ರಾಯಚೂರಿನ ವಿಮಾ ಕಚೇರಿಯ ಅಧಿಕಾರಿ ಮೈಸೂರು ಕಡೆಯವರು, ಬಹಳ ಸಭ್ಯರು. ಕಾರಿನ ಬೆಲೆ ಎಷ್ಟೆಂದು ಕೇಳಿದರು. ಮಾವ ಎದೆಯುಬ್ಬಿಸಿ ಒಂದು ಬೆಲೆ ಹೇಳಿದರು. ಅಧಿಕಾರಿ ಕಿಟಕಿಯಾಚೆ ನಿಂತಿದ್ದ ಕಾರನ್ನೊಮ್ಮೆ, ಮಾವನನ್ನೊಮ್ಮೆ ನೋಡಿ ಬರೆದುಕೊಂಡರು. ಯಾರು ನಡೆಸುತ್ತಾರೆಂದು ಕೇಳಿದರು. ಮಾವ ನನ್ನನ್ನು ತೋರಿಸಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ಎರಡು ಲೋಟ ನೀರು ಕುಡಿದರು. ಆಮೇಲೆ ಲೆಕ್ಕ ಹಾಕಿ ಹೇಳಿದ ಕಂತು ಕೇಳಿ ನನ್ನ ಜೀವವೇ ಹಾರಿಹೋಯಿತು. ಮಾವ ಮಾತ್ರ ಖುಷಿಯಿಂದ ಕುರ್ಚಿ ಮುಂದೆ ಎಳೆದುಕೊಂಡರು. ವ್ಯಾಪಾರ ಈಗ ಶುರು!

"ಇರ್ಲಿ. ಆಖಿರ್ ಮಾತು ಹೇಳ್ರಿ."

"ಇದೇ ಕೊನೆಯದು ಯಜಮಾನ್ರೇ. ದರದ ಪುಸ್ತಕದಲ್ಲಿ ಹೀಗೇ ಇದೆ."

"ಆ ಪುಸ್ತಕ ನೀವ ಬರದೀರೇನು?"

"ಅಯ್ಯೋ, ಇಲ್ಲ."

"ಮತ್ತ ನಿಮಗ್ಯಾಕ್ರಿ ಅದರ ಮ್ಯಾಲ ಇಷ್ಟು ಕಕ್ಕುಲಾತಿ?"

ಅಧಿಕಾರಿ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಮಾವ ಎದ್ದು, "ನಡಿಯವ್ವ, ಇಲ್ಲಿ ವ್ಯಾಪಾರ ಜಮಾಸಂಗಿಲ್ಲ" ಎಂದು ಬಾಗಿಲ ಕಡೆ ನಡೆದರು. ನಿಧಾನವಾಗಿ, ಕಿವಿಯನ್ನು ಹಿಂದಕ್ಕೆ ಬಿಟ್ಟು. ಅರಿವೆ ಅಂಗಡಿಯಲ್ಲಾದರೆ ಹೊಸ್ತಿಲು ದಾಟುವುದರೊಳಗೆ "ಬರ್ರಿ ಬರ್ರಿ" ಎಂದು ಕರೆಯುತ್ತಾರಲ್ಲ! ಇಲ್ಲಿ ಯಾರೂ ಕರೆಯಲಿಲ್ಲ. ಮಾವ ಮೂರು ಸಲ ಬಾಗಿಲ ತನಕ ಹೋಗಿ ಮೂರು ಸಲ ವಾಪಸು ಬಂದರು. ನಾಲ್ಕನೆಯ ಸಲ ಜವಾನ ಬಾಗಿಲು ತೆರೆದು ಹಿಡಿದ.

ದೇವದುರ್ಗದಲ್ಲಿ ಅಗ್ಗವಾಗಿ ಸಿಗಬಹುದೆಂದು, ಗಂಟಿಲ್ಲದ ಮೇಲೆ ಪೆಟ್ರೋಲು ದಂಡವೆಂದು, ಬಸ್ಸಿನಲ್ಲೇ ಅಲ್ಲಿಗೆ ಹೋದೆವು. ಸಣ್ಣ ಊರು, ಬಾಡಿಗೆ ಕಡಿಮೆ, ಹಾಗಾಗಿ ವಿಮೆಯೂ ಕಡಿಮೆ ಎಂಬುದು ಮಾವನ ತರ್ಕ. ಅಲ್ಲಿನ ಏಜೆಂಟನ ಬಳಿಯೂ ಅದೇ ಪುಸ್ತಕ. ಮಾನ್ವಿಗೆ ಹೋದೆವು. ಅಲ್ಲೂ ಅದೇ ಪುಸ್ತಕ, ಜೊತೆಗೆ ಒಂದು ಕಪ್ ಚಹಾ. "ಚಹಾ ಬ್ಯಾಡ್ರಿ, ಅದರ ರೊಕ್ಕ ಕಂತಿನ್ಯಾಗ ಮುರೀರಿ" ಎಂದರು ಮಾವ. ಏಜೆಂಟ ನಕ್ಕು, ಸಮಾಧಾನದ ದನಿಯಲ್ಲಿ ಒಂದು ಮಾತು ಹೇಳಿಬಿಟ್ಟ.

"ನೋಡ್ರಿ, ಹುಡುಗಿ ಹೊಸಾಕಿ. ಆಕಿ ಮ್ಯಾಲ ಕಂಪನಿ ಭರೋಸಾ ಹ್ಯಾಂಗ ಇಡಬೇಕು?"

ಮಾವನ ಮುಖ ಅರಳಿತು. ಭರೋಸಾ! ಇಷ್ಟೇ ತಾನೇ? ನಮ್ಮ ಕಡೆ ನಿಜಾಮರ ಕಾಲದಿಂದಲೂ ಭರವಸೆಗೆ ಒಂದೇ ಮದ್ದು, ಜಾಮೀನು. ಮನೆ ಬಾಡಿಗೆ ಹಿಡಿಯಬೇಕೇ? ಜಾಮೀನು. ಎತ್ತು ತರಬೇಕೇ? ಜಾಮೀನು. ಯಾರಾದರೂ ದೊಡ್ಡ ಮನುಷ್ಯರು 'ನಾನಿದ್ದೇನೆ' ಎಂದು ಸಹಿ ಹಾಕಿದರೆ ಕೆಲಸವಾಯಿತು. ವಿಮಾ ಕಂಪನಿಗೆ ನನ್ನ ಗುರುತಿಲ್ಲ, ಅದಕ್ಕೇ ದರ ಹೆಚ್ಚು. ಗುರುತಿದ್ದವರು ಜಾಮೀನು ನಿಂತರೆ ದರ ಇಳಿಯಲೇಬೇಕು! ದಾರಿಯುದ್ದಕ್ಕೂ ಮಾವ ಇದನ್ನು ಬಸ್ಸಿನಲ್ಲಿದ್ದವರಿಗೆಲ್ಲ ವಿವರಿಸಿದರು. ಅವರೆಲ್ಲ ಒಪ್ಪಿಕೊಂಡರು ಕೂಡ.

ಛಾಪಾ ಕಾಗದ ಹಿಡಿದು ಮಾವ ಒಂದು ವಾರ ತಿರುಗಿದರು. ಓಣಿಯ ನಿವೃತ್ತ ಹೆಡ್‌ಮಾಸ್ತರರು, 'ಈಕೆಯ ಅಕ್ಷರ ದುಂಡಾಗಿದೆ, ಆದ್ದರಿಂದ ಚಾಲನೆಯೂ ನೆಟ್ಟಗಿರುತ್ತದೆ' ಎಂದು ಬರೆದು ಸಹಿ ಹಾಕಿದರು. ಅರಕೇರಾದ ಕುರಿಗಾಹಿ ಅಜ್ಜ ಹೆಬ್ಬೆಟ್ಟು ಒತ್ತಿ, ತನ್ನ ಕುರಿಗಳೆಲ್ಲ ರಸ್ತೆ ದಾಟುವ ತನಕ ನಾನು ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲವೆಂದು ಬರೆಸಿದ. ಹಾರ್ನ್ ಆ ದಿನ ಕೆಟ್ಟಿತ್ತು, ಅದು ಬೇರೆ ಮಾತು. ಚೀಕಲಪರ್ವಿಯ ಅಂಬಿಗನಂತೂ ನಾನು ಕಾರು ನಡೆಸಿದ್ದನ್ನು ನೋಡಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಹೊಳೆ ದಾಟುವಾಗ ದೋಣಿಯಲ್ಲಿ ಅಲುಗಾಡದೆ ಕೂತಿದ್ದಳು ಎಂಬುದೇ ಅವನ ಸಾಕ್ಷಿ. ಹೀಗೆ ಆರು ಮಂದಿಯಾದರು. ಏಳನೆಯವಳು ಅತ್ತೆ.

"ನನ್ನ ಒಮ್ಮೆನಾರ ಗಾಡಿಯಾಗ ಕುಂದರಿಸೀರೇನು?" ಎಂದು ಅತ್ತೆ ಕೇಳಿದಳು. "ಕಂಬಳಿಗಿ ಜಾಗ ಅದ, ಹೆಂಡ್ತಿಗಿ ಇಲ್ಲ. ಇರ್ಲಿ ಕೊಡ್ರಿ, ಹುಡುಗಿ ಸಲವಾಗಿ ಹಾಕ್ತೀನಿ." ಸಹಿ ಹಾಕಿ, ಕಾಗದವನ್ನು ಮೇಲಿಂದ ಕೆಳಗೆ ಓದಿ ತಲೆಯೆತ್ತಿದಳು. "ಎಲ್ಲಾರದೂ ಅದ. ನಿಮ್ದೆಲ್ಲಿ?"

"ನಾ ಕಣ್ಣು ಮುಚಗೊಂಡ ಕುಂತಿರ್ತೀನಿ. ನೋಡದ್ದಕ್ಕ ಸಹಿ ಹ್ಯಾಂಗ ಹಾಕ್ಲಿ?" ಎಂದರು ಮಾವ. ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ರಾಯಚೂರಿನ ಅಧಿಕಾರಿ ಜಾಮೀನು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಹೆಬ್ಬೆಟ್ಟಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿದರು. "ನನ್ನ ಸರ್ವೀಸಿನಲ್ಲಿ ಇಂಥದ್ದು ಕಂಡಿಲ್ಲ" ಎಂದರು.

"ಅಂದ್ರ ರೇಟ್ ಇಳೀತಲ್ರಿ?"

"ಇಲ್ಲ. ಆದರೆ ಇಳಿಸೋ ದಾರಿ ನಿಮ್ಮ ಕೈಯಲ್ಲೇ ಇದೆ ಯಜಮಾನ್ರೇ. ಕಾರಿನ ಬೆಲೆಯ ಮೇಲೆ ಕಂತು. ನೀವು ಹೇಳಿದ ಬೆಲೆಗೆ ಹೊಸ ಕಾರೇ ಬಂದೀತು. ಇದರ ನಿಜವಾದ ಬೆಲೆ ಬರೆಸಿ, ಕಂತು ಅರ್ಧ ಆಗತ್ತೆ."

ಮಾವ ಕಪಾಳಕ್ಕೆ ಹೊಡೆಸಿಕೊಂಡವರಂತೆ ಕೂತುಬಿಟ್ಟರು. ಲೋಕದವರ ಮಾಲಿನ ಬೆಲೆ ಇಳಿಸುವುದೇ ಬೇರೆ, ತನ್ನ ಮಾಲಿನದೇ ಬೇರೆ! "ನನ್ನ ಗಾಡಿ ಬೆಲಿ ನನ್ನ ಬಾಯಿಲೆ ಇಳಸಂತೀರಾ?" ಎಂದು ಎದ್ದು ಹೊರಟರು. ಈ ಸಲ ಅವರು ಬಾಗಿಲಿನಿಂದ ವಾಪಸು ಬರಲಿಲ್ಲ. ಎರಡು ದಿನ ರೊಟ್ಟಿ ಸೇರಲಿಲ್ಲ. ಕಾಲೇಜು ಸೋಮವಾರ ಶುರು, ಅಪ್ಪ ಭಾನುವಾರ ಬರುವವನಿದ್ದ. ನಾನು ಬಟ್ಟೆಗಳನ್ನು ಟ್ರಂಕಿಗೆ ಹಾಕತೊಡಗಿದೆ.

ಶನಿವಾರ ಬೆಳಿಗ್ಗೆ ಮಾವ ಆ ಟ್ರಂಕನ್ನು ನೋಡಿದರು. ಟೊಪ್ಪಿಗೆ ಹಾಕಿಕೊಂಡು, "ಬಾ" ಎಂದರು. ಅಧಿಕಾರಿಯ ಎದುರು ಕೂತು ಕಿಟಕಿಯಾಚೆಯ ಕಾರನ್ನು ನೋಡಿ, ಅದಕ್ಕೆ ಕೇಳಿಸಬಾರದು ಎನ್ನುವ ಹಾಗೆ ದನಿ ಇಳಿಸಿ ನಿಜವಾದ ಬೆಲೆ ಹೇಳಿದರು. ಆಮೇಲೆ ಗಟ್ಟಿಯಾಗಿ, "ಗಾಡಿ ಚೊಲೊ ಅದರಿ. ಕಾಗದದಾಗ ಅಷ್ಟ ಕಡಿಮಿ" ಎಂದರು. ಪಾಲಿಸಿ ಆಯಿತು. ಅಪ್ಪ ಭಾನುವಾರ ಅದನ್ನು ಮೂರು ಸಲ ಓದಿ, ನನ್ನ ತಲೆ ಸವರಿ ಹೋದ. ನಾನು ಸೋಮವಾರ ಕಾಲೇಜಿಗೆ ಹೋದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮೂರೇ ವಾರ. ಮಾನ್ವಿ ಸಂತೆಯಿಂದ ಬರುವಾಗ ಕಲ್ಲೂರು ದಾಟಿದ ಮೇಲೆ, ರಸ್ತೆ ಬದಿಯ ಎಮ್ಮೆಯೊಂದು ದಿಢೀರನೆ ಅಡ್ಡ ಬಂತು. ಎಮ್ಮೆಯನ್ನು ಉಳಿಸಿದೆ, ಜಾಲಿ ಮರಕ್ಕೆ ಗುದ್ದಿದೆ. ಮುಂದಿನ ಮಡ್‌ಗಾರ್ಡ್ ಮುದುಡಿತು, ಒಂದು ದೀಪ ಚೂರಾಯಿತು. ಹಿಂದಿನ ಸೀಟಿನಿಂದ ದನಿ ಬಂತು.

"ರಾಯಚೂರ ಬಂತೇನವ್ವ?"

ನಗುವ ಸ್ಥಿತಿ ನನ್ನದಲ್ಲ. ಯಾರಿಗೂ ಒಂದು ಗೀರೂ ಆಗಿರಲಿಲ್ಲ, ಆದರೆ ಅಪ್ಪನಿಗೆ ಗೊತ್ತಾದ ದಿನ ನನ್ನ ಓದು ಮುಗಿಯಿತೆಂದು ಖಾತ್ರಿಯಾಯಿತು. ಕಾರನ್ನು ಗ್ಯಾರೇಜಿನವರು ಎಳೆದು ತಂದರು. ನಾನು ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟು, ಇನ್ನು ಮುಟ್ಟುವುದಿಲ್ಲ ಎಂದೆ.

ಮರುದಿನ ವಿಮಾ ಕಚೇರಿಗೆ ಹೋದೆವು. ಅಧಿಕಾರಿ ಮರುಗಿ, ತಾವೇ ಎದ್ದು ಫಾರ್ಮು ತಂದುಕೊಟ್ಟರು. "ತುಂಬಿ ಕೊಡಿ, ದುಡ್ಡು ಬರತ್ತೆ." ಮಾವ ಫಾರ್ಮನ್ನು ದೂರ ಹಿಡಿದು ಓದಿದರು.

"ಯಾರ ಹೊಡಿತಿದ್ರು ಅಂತ ಬರೀಬೇಕೇನ್ರಿ?"

"ಬರೀಲೇಬೇಕು. ಹೆಸರು, ವಯಸ್ಸು, ಯಾರ ತಪ್ಪು, ಎಲ್ಲ."

"ಇದು ನಿಮ್ಮ ದಫ್ತರದಾಗ ಉಳೀತದ?"

"ಉಳಿಯತ್ತೆ."

ಮಾವ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಬ್ಯಾಡ್ರಿ. ಹೆಣ್ಣುಹುಡುಗಿ ಹೆಸರಿನ ಮುಂದ ತಪ್ಪು ಅಂತ ನಾ ಬರಿಯಾಂಗಿಲ್ಲ" ಎಂದು ಎದ್ದರು. ಹನ್ನೊಂದನೆಯ ಇನ್‌ಲ್ಯಾಂಡ್ ಪತ್ರ ಬಿಡದ ಮನುಷ್ಯ, ಅವರಾಗಿಯೇ ಕೊಡುತ್ತೇವೆಂದ ದುಡ್ಡನ್ನು ಬಿಟ್ಟು ಬಂದರು! ಅಧಿಕಾರಿ ಬಾಗಿಲ ತನಕ ಬಂದು, "ಬನ್ನಿ ಯಜಮಾನ್ರೇ, ಬನ್ನಿ" ಎಂದು ಕರೆದರು. ಮಾವ ತಿರುಗಿ ನೋಡಲಿಲ್ಲ.

ಭಾನುವಾರ ಅಪ್ಪ ಬಂದ. ಗ್ಯಾರೇಜಿನವರು ಬಡಿದು ನೆಟ್ಟಗೆ ಮಾಡಿದ್ದ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ, ಇದೇನೆಂದು ಕೇಳಿದ. ಮಾವ ಮುಂದೆ ಬಂದರು.

"ನಾ ಕಲಿಯಾಕ ಹೋಗಿದ್ದೆ ಭಾವಾ. ಗಿಡಕ್ಕ ಗುದ್ದಿಸ್ದೆ."

"ಈ ವಯಸ್ಸಿನ್ಯಾಗ ನಿನಗ ಬೇಕಿತ್ತೇನು? ಬುದ್ಧಿ ಬ್ಯಾಡ? ಸುಮ್ಮ ಹುಡುಗಿ ಕೈಯಾಗ ಬಿಡು, ಆಕಿ ನಿನಗಿಂತ ಚೊಲೊ ಹೊಡಿತಾಳ" ಎಂದು ಅಪ್ಪ ಅರ್ಧ ಗಂಟೆ ಬೈದ. ಮಾವ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡರು. ಅವರು ಚೌಕಾಶಿ ಮಾಡದೆ ತೆಗೆದುಕೊಂಡದ್ದು ಅದೊಂದನ್ನೇ.

ಮುಂದಿನ ಸಂತೆಯ ದಿನ ಬೆಳಿಗ್ಗೆ ನಾನು ಒಳಗೇ ಕೂತಿದ್ದೆ. ಹೊರಗೆ ಕಾರಿನ ಬಾಗಿಲು ತೆಗೆದು ಹಾಕುವ ಸದ್ದು ಕೇಳಿ ಎದ್ದು ಹೋದರೆ, ಮಾವ ಕಂಬಳಿ ಗಂಟುಗಳನ್ನು ಮುಂದಿನಿಂದ ಹಿಂದಿನ ಸೀಟಿಗೆ ಹೊತ್ತು ಹಾಕುತ್ತಿದ್ದರು.

"ಹಿಂದ್ಯಾಕ ಮಾಮಾ?"

ಅವರು ಜೇಬಿನಿಂದ ಹಳೆಯ ಜಾಮೀನು ಪತ್ರ ತೆಗೆದು ನನ್ನ ಕೈಗೆ ಕೊಟ್ಟರು. ಏಳು ಜನರ ಕೆಳಗೆ, ಹೊಸ ಮಸಿಯಲ್ಲಿ, ಎಂಟನೆಯ ಸಹಿ ಇತ್ತು.

"ಊರ ಮಂದಿದೆಲ್ಲಾ ಹಾಕಿಸ್ದೆ, ನಂದ ಬಿಟ್ಟಿದ್ದೆ. ತಪ್ಪು ಅಲ್ಲ್ಯಾಗಿತ್ತವ್ವ" ಎಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಸುತ್ತಿ ಹೋಗಿ ಮುಂದಿನ ಸೀಟಿನಲ್ಲಿ ಕೂತರು.

ಮಾನ್ವಿ ದಾರಿಯುದ್ದಕ್ಕೂ ಅವರು ಎರಡೂ ಕೈಯಲ್ಲಿ ಬಾಗಿಲ ಹಿಡಿಕೆ ಹಿಡಿದಿದ್ದರು. ಹಣೆಯಲ್ಲಿ ಬೆವರು. ಕಲ್ಲೂರಿನ ಜಾಲಿ ಮರ ಬರುವಷ್ಟರಲ್ಲಿ ಎದುರಿಗೆ ಒಂದು ಲಾರಿ ಕಂಡಿತು. ನನಗೆ ಅವರನ್ನು ನೋಡಿ ಪಾಪ ಎನಿಸಿತು.

"ಕಣ್ಣ ಮುಚಗೋ ಮಾಮಾ, ಲಾರಿ ಬರಾಕತ್ತದ."

"ಬರ್ಲಿ ಬಿಡು. ನೀ ಹೊಡಿ, ನಾ ನೋಡ್ತೀನಿ" ಎಂದರು ಮಾವ, ಕಣ್ಣು ಅಗಲವಾಗಿ ತೆರೆದುಕೊಂಡು.