ಗಟ್ಟಿ ಅಧ್ಯಕ್ಷರು, ತೆಳು ಪಕ್ಷ

ರಾಜಕೀಯ ಅಂದರೆ ಒಳಸಂಚು, ಕಾಲೆಳೆತ ಎಂದು ಜನ ತಿಳಿದಿದ್ದಾರೆ. ನಮ್ಮ ಪಕ್ಷದ ಕಚೇರಿಗೆ ಬಂದು ಒಂದು ವಾರ ಕೂತು ನೋಡಿ. ಒಳಸಂಚು ಮಾಡಲು ನಮಗೆ ಪುರುಸೊತ್ತೇ ಸಿಗುವುದಿಲ್ಲ, ನಗೆಪಾಟಲಿಗೆ ಈಡಾಗುವುದರಲ್ಲೇ ದಿನ ಮುಗಿಯುತ್ತದೆ.

ನಾನು ಸೊಸೈಟಿಯ ನೌಕರಿ ಮುಗಿಸಿ ನಿವೃತ್ತನಾದ ಮೇಲೆ ಶಿರಸಿಯ ಈ ಕಚೇರಿಗೆ ಕಾರ್ಯದರ್ಶಿಯಾಗಿ ಬಂದವನು. ಬೇರೆ ಯಾರಿಗೂ ಬೇಡವಾದ ಹುದ್ದೆ ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿಗೆ ನಮ್ಮದೊಂದೇ ಕಚೇರಿ, ಅದಕ್ಕೆ ಒಬ್ಬನೇ ಕಾರ್ಯದರ್ಶಿ.

ನಮ್ಮದು ಹಳೇ ಕ್ರಮದ ಪಕ್ಷ. ಪದ್ಧತಿ ಬಿಡಬಾರದು, ಹಿರಿಯರ ಮಾತು ಮೀರಬಾರದು, ಸಾಲ ಮಾಡಿ ತುಪ್ಪ ತಿನ್ನಬಾರದು ಎನ್ನುವವರು. ನಮಗೆ ವೋಟು ಹಾಕುವವರೂ ಹಳಬರೇ, ಅವರಲ್ಲಿ ಕೆಲವರು ಪ್ರತಿ ಮಳೆಗಾಲಕ್ಕೂ ಕಡಿಮೆಯಾಗುತ್ತಾರೆ. ತಾಲ್ಲೂಕು ಪಂಚಾಯತಿ ಚುನಾವಣೆ ಇವತ್ತು ಬಂತು, ನಾಳೆ ಬಂತು ಎಂದು ವರ್ಷಗಟ್ಟಲೆ ಕಾಯಿಸುತ್ತಿದೆ. ಅದು ಬರುವ ಹೊತ್ತಿಗೆ ನಮ್ಮ ಮತದಾರರು ಇರುತ್ತಾರೋ ಇಲ್ಲವೋ ಎಂಬುದೇ ನಮ್ಮ ಚಿಂತೆ.

ಹೀಗಾಗಿ ಪಕ್ಷದಲ್ಲಿ ಎರಡು ಮತ ಹುಟ್ಟಿಕೊಂಡವು. ಉಪಾಧ್ಯಕ್ಷೆ ಸಿದ್ದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಎಲ್ಲ ಜಾತಿಯವರ, ಎಲ್ಲ ಪಕ್ಷದವರ ರವಿಕೆಯೂ ಅವರ ಕೈಗೆ ಬರುತ್ತದೆ. "ಹಿಂಗೇ ಕೂತ್ರೆ ಆಗಾದಿಲ್ಲ ಅಧ್ಯಕ್ಷರೇ, ಹೊಸಬರನ್ನ ಸೇರಿಸ್ಕಬೇಕು. ಎಲ್ಲಾರ ಮನೆಗೂ ಹೋಗಾಣ" ಎನ್ನುತ್ತಿದ್ದರು.

ಅಧ್ಯಕ್ಷರು ಭೈರುಂಬೆ ಕಡೆಯವರು. ಪಕ್ಷಕ್ಕೆ ಕಚೇರಿಯೇ ಇಲ್ಲದ ಕಾಲದಲ್ಲಿ ತಮ್ಮ ಮನೆಯ ಜಗಲಿಯಲ್ಲಿ ಸಭೆ ಮಾಡಿಸಿ, ಬಂದವರಿಗೆಲ್ಲ ಊಟ ಹಾಕಿ ಪಕ್ಷ ಕಟ್ಟಿದವರು. ಹವ್ಯಕರ ರೂಢಿಯಂತೆ ನನ್ನನ್ನು ಭಾವ ಎಂದೇ ಕರೆಯುವ ಅವರದ್ದು ಒಂದೇ ಮಾತು. "ನೋಡು ಭಾವ, ಎಲ್ಲರಿಗೂ ಬೇಕಾಪ್ಪಂಗೆ ಆಗಲೆ ಹೋದ್ರೆ ಕಡಿಗೆ ಯಾರಿಗೂ ಬ್ಯಾಡ ಆಗ್ತು. ಪಕ್ಷ ಸಡಿಲ ಮಾಡದು ಹೇಳಿ ತೀರ್ಮಾನ ಆದ ದಿನ ಆನು ಈ ಕುರ್ಚಿಯಿಂದ ಇಳಿತೆ."

ಬಾಯಿಮಾತಿಗೆ ಹೇಳುವ ಮನುಷ್ಯ ಅವರಲ್ಲ. ಪಕ್ಷ ಉಳಿಯಬೇಕು, ಅವರೂ ಉಳಿಯಬೇಕು ಎಂದರೆ ದಾರಿ ಯಾವುದು? ಕೊನೆಗೆ ಒಂದು ಒಪ್ಪಂದವಾಯಿತು. ದೀಪಾವಳಿಯವರೆಗೆ ಉಪಾಧ್ಯಕ್ಷೆ ಹೇಳಿದಂತೆ ಮಾಡಿ ನೋಡುವುದು, ಆಮೇಲೆ ಮೇಲಿನಿಂದ ವೀಕ್ಷಕರನ್ನು ಕರೆಸಿ, ಅವರ ಎದುರು ಚರ್ಚೆ ಮಾಡಿ ಕೈ ಎತ್ತಿ ತೀರ್ಮಾನಿಸುವುದು. ಆ ನಡುವೆ ನಡೆದದ್ದೇ ಈ ಪ್ರಸಂಗಗಳು.

ಹೊಸ ರಕ್ತ

ಮೊದಲು ಯುವಕರನ್ನು ತರಬೇಕು ಎಂದಾಯಿತು. ಉಪಾಧ್ಯಕ್ಷೆ ಎಲ್ಲಿಂದಲೋ ಇಬ್ಬರು ಕಾಲೇಜು ಹುಡುಗರನ್ನು ಹಿಡಿದು ತಂದರು. ಇಬ್ಬರೂ ಶಿರಸಿ ಪೇಟೆಯಲ್ಲೇ ಬೆಳೆದವರು. ಅಡಿಕೆಯನ್ನು ಮದುವೆಮನೆಯ ಹರಿವಾಣದಲ್ಲಿ ನೋಡಿದ್ದು ಬಿಟ್ಟರೆ ಬೇರೆ ಪರಿಚಯವಿಲ್ಲ.

ನಮ್ಮ ಕಚೇರಿಯಲ್ಲಿ ಯಾರೇ ಬರಲಿ, ಮೊದಲು ಕವಳದ ಬಟ್ಟಲು ಮುಂದಿಡುವುದು ಪದ್ಧತಿ. ಕವಳ ಹಾಕಿದ ಮೇಲೆಯೇ ಮಾತು. ಅಧ್ಯಕ್ಷರು ಅಂದು ಹುಡುಗರ ಮೇಲಿನ ಪ್ರೀತಿಯಿಂದ ಸ್ವತಃ ಎಲೆಗೆ ಸುಣ್ಣ ಸವರಿ, ಹಸಿ ಅಡಿಕೆ ಕೆತ್ತಿ ಮಡಚಿ ಕೊಟ್ಟರು. ಹಿರಿಯರು ಕೊಟ್ಟಿದ್ದು ಬೇಡ ಎನ್ನಬಾರದೆಂದು ಹುಡುಗರು ಬಾಯಿಗೆ ಹಾಕಿಕೊಂಡರು. ಅಧ್ಯಕ್ಷರು ಪಕ್ಷದ ತತ್ತ್ವ ವಿವರಿಸಲು ಶುರುಮಾಡಿದರು.

ಹಸಿ ಅಡಿಕೆ ಅಭ್ಯಾಸವಿಲ್ಲದವರಿಗೆ ಸೊಕ್ಕುತ್ತದೆ. ಎದೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಗೋಡೆ ತಿರುಗುತ್ತದೆ. ತತ್ತ್ವ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಒಬ್ಬನ ಹಣೆಯಲ್ಲಿ ಬೆವರು ಧಾರಾಕಾರ. ಇನ್ನೊಬ್ಬ ಕಣ್ಣು ಮೇಲೆ ಮಾಡಿ ಬೆಂಚಿನ ಮೇಲೆ ಒರಗಿದ. ನಾನು ಓಡಿ ಹೋಗಿ ಬೆಲ್ಲ ನೀರು ತಂದೆ. ಉಪಾಧ್ಯಕ್ಷೆ ಪಕ್ಷದ ಕರಪತ್ರದಿಂದಲೇ ಗಾಳಿ ಹಾಕಿದರು. ಆ ಕರಪತ್ರ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಸುಧಾರಿಸಿಕೊಂಡ ಮೇಲೆ ಒರಗಿದ್ದ ಹುಡುಗ ಮೆಲ್ಲಗೆ ಕೇಳಿದ: "ಸರ್, ಬೇರೆ ಪಕ್ಷದಲ್ಲೂ ಹಿಂಗೇ ಪರೀಕ್ಷೆ ಇರ್ತದಾ?"

ಅಧ್ಯಕ್ಷರು ಹೆಮ್ಮೆಯಿಂದ ಹೇಳಿದರು: "ಇಲ್ಲ ತಮಾ. ಅಲ್ಲಿ ಸೇರಿದ ಮೇಲೆ ತಲೆ ತಿರುಗ್ತದೆ. ನಾವು ಮೊದಲೇ ತಿರುಗಿಸಿ ಬಿಡ್ತೇವೆ."

ದಾಕ್ಷಿಣ್ಯ

ಎರಡನೆಯದು, ನಮಗೆ ಎಂದೂ ವೋಟು ಹಾಕದವರ ಮನೆಗೆ ಹೋಗುವುದು. ಅಧ್ಯಕ್ಷರಿಗೆ ಇದು ಕಬ್ಬಿಣದ ಕಡಲೆ. "ಅವು ಅವರಷ್ಟಕ್ಕೆ ಬೇರೆಯವ್ಕೆ ವೋಟು ಹಾಕ್ಯಂಡು ಸುಖವಾಗಿದ್ದೊ. ಎಂತಕ್ಕೆ ತೊಂದ್ರೆ ಕೊಡದು ಭಾವ?" ಎಂದು ದಾರಿಯುದ್ದಕ್ಕೂ ಗೊಣಗಿದರು.

ಸಿದ್ದಾಪುರ ಕಡೆಯ ಒಂದು ದೊಡ್ಡ ಮನೆ. ಯಜಮಾನರು ಎದುರು ಪಕ್ಷದ ಕಂಬ. ನಾವು ಅಂಗಳಕ್ಕೆ ಕಾಲಿಡುತ್ತಿದ್ದಂತೆ, "ಬನ್ನಿ ಬನ್ನಿ, ಆಸರಿಗೆ ಎಂತ ಅಡ್ಡಿಲ್ಲೆ?" ಎಂದು ಕುಡಿಯಲು ಏನು ಬೇಕೆಂದು ಕೇಳಿದರು. ಮಜ್ಜಿಗೆ ಬಂತು. ನಮ್ಮ ಕಡೆ ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದು ಅಸಭ್ಯತನ. ಮಳೆಯ ವಿಚಾರ ಆಯಿತು, ಕೊಳೆರೋಗ ಆಯಿತು, ಮಂಗನ ಕಾಟ ಆಯಿತು. ಅಷ್ಟರಲ್ಲಿ ಒಳಗಿನಿಂದ "ಬಾಳೆ ಹಾಕಿದ್ದು" ಎಂದು ಕರೆ ಬಂತು. ಊಟಕ್ಕೆ ಕೂತೆವು. ಅಧ್ಯಕ್ಷರಿಗೆ ಪ್ರಿಯವಾದ ಹಲಸಿನಕಾಯಿ ಹುಳಿ. ನಾನು ಕಾಲಲ್ಲಿ ತಿವಿದೆ. ಅವರು ನನ್ನ ಕಡೆ ನೋಡಿ, "ಉಂಬ ಬಾಳೆ ಎದ್ರಿಗೆ ರಾಜಕೀಯ ಮಾತಾಡ್ಲಾಗ" ಎಂದು ಪಿಸುಗುಟ್ಟಿದರು.

ಊಟವಾಗಿ ಕವಳ ಹಾಕುವಾಗ ಯಜಮಾನರೇ ಬಾಯಿಬಿಟ್ಟರು. "ಶಿರಸಿ ಸೊಸೈಟಿ ಚುನಾವಣೆಗೆ ನಮ್ಮ ಸೊಸೆ ನಿಂತಿದ್ದು. ನೀವೂ ಸದಸ್ಯರು. ನಿಮ್ಮ ಹತ್ರ ಕೇಳಲೆ ಸಂಕೋಚ."

ಸೊಸೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅಧ್ಯಕ್ಷರಿಗೆ ಕಣ್ಣು ತುಂಬಿತು. "ಸಂಕೋಚ ಎಂತಕ್ಕೆ? ನೀನು ಕೈಯಾರೆ ಬಡಿಸಿದ್ದೆ ಕೂಸೆ. ನನ್ನ ವೋಟು ನಿಂಗೇ" ಎಂದುಬಿಟ್ಟರು.

ಮತ ಕೇಳಲು ಹೋದವರು ಮತ ಕೊಟ್ಟು ಬಂದೆವು. ಗೇಟು ದಾಟಿದ ಮೇಲೆ ನಾನು ಸಿಟ್ಟಿನಿಂದ, "ಅಧ್ಯಕ್ಷರೇ, ಆ ಸ್ಥಾನಕ್ಕೆ ನಮ್ಮ ಕಡೆಯಿಂದ ನಿಂತವನು ಯಾರು ಅಂತ ನೆನಪಿದೆಯಾ?" ಎಂದೆ.

"ಯಾರು?"

"ನಾನು!"

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಹಂಗಾರೆ ಅಡ್ಡಿಲ್ಲೆ ಭಾವ. ನೀನು ನಮ್ಮವ, ತಪ್ಪು ತಿಳ್ಕತ್ತಿಲ್ಲೆ." ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಚುನಾವಣೆಯಲ್ಲಿ ನಾನು ಸೋತೆ.

ಯಲ್ಲಾಪುರದ ಊಟ

ಮೂರನೆಯದು ಯಲ್ಲಾಪುರದ ಸಭೆ. ಅಲ್ಲಿ ಲಾರಿ ಇಟ್ಟಿರುವ ಒಬ್ಬ ಸಾಹೇಬರು ಪಕ್ಷ ಸೇರಲು ಒಪ್ಪಿದ್ದರು. ಸಭೆ, ಊಟ ಎಲ್ಲ ಅವರ ಅಂಗಳದಲ್ಲೇ. ಕೂಡಲೇ ಕಚೇರಿಯಲ್ಲಿ ಊಟದ ಗಲಾಟೆ ಎದ್ದಿತು. ನಮ್ಮ ಸಭೆಗಳಲ್ಲಿ ಬಾಳೆಲೆ ಹಾಸಿ ಪಂಕ್ತಿ ಊಟ, ಬೆಳ್ಳುಳ್ಳಿಗೂ ಪ್ರವೇಶವಿಲ್ಲ. ಆ ಹುಡುಗರೂ ಸೇರಿದ್ದ ನಮ್ಮ ಯುವ ಘಟಕದವರು ಮಾತ್ರ ಬಾಯಲ್ಲಿ ನೀರು ಸುರಿಸುತ್ತ, "ಪಕ್ಷ ವಿಶಾಲ ಆಗ್ಬೇಕು" ಎಂದು ಘೋಷಣೆ ಹಾಕತೊಡಗಿದರು. ಅವರ ವೈಶಾಲ್ಯ ಬಿರಿಯಾನಿಯವರೆಗೆ ಮಾತ್ರ ಎಂದು ನನಗೆ ಗೊತ್ತಿತ್ತು.

ಅಧ್ಯಕ್ಷರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಕೊನೆಗೆ ತಾವೇ ಹೇಳಿದರು: "ಅವರ ಮನೆ, ಅವರ ಅಡಿಗೆ. ಹಿಂಗೇ ಮಾಡಿ ಹೇಳಲೆ ನಾವು ಯಾರು? ಆನು ಮೊಸರನ್ನದ ಡಬ್ಬಿ ತಗಂಡು ಹೋಗ್ತೆ. ಅವ್ಕೆ ಬೇಜಾರಪ್ಪಲಾಗ." ಇಷ್ಟು ಹೇಳಲು ಆ ಮನುಷ್ಯ ಎಷ್ಟು ಒದ್ದಾಡಿರಬೇಕು ಎಂದು ನೆನೆದು ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಯುವ ಘಟಕದವರು ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಜೀಪು ಹತ್ತಿದರು. ಯಲ್ಲಾಪುರದಲ್ಲಿ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಅಧ್ಯಕ್ಷರ, ಬರ್ರಿ. ನೀವು ಹಿರ್‍ಯಾರು ಬರ್ತೀರಿ ಅಂತ ಮಂಚಿಕೇರಿಯಿಂದ ಭಟ್ಟರನ್ನ ಕರಸೀನ್ರಿ. ಎಲ್ಲಾ ನಿಮ್ಮ ಪದ್ಧತೀನ."

ಬಾಳೆಲೆಯ ಸಾಲು. ಹೋಳಿಗೆ, ಕೋಸಂಬರಿ, ತೊಂಡೆಕಾಯಿ ಪಲ್ಯ, ಒಗ್ಗರಣೆಯ ಘಮದ ಅಪ್ಪೆಹುಳಿ ಎಂಬ ಮಾವಿನಕಾಯಿಯ ತೆಳು ಸಾರು. ಬೆಳ್ಳುಳ್ಳಿಯ ಸುಳಿವಿಲ್ಲ. ಅಧ್ಯಕ್ಷರು ಅಪ್ಪೆಹುಳಿಯನ್ನು ಲೋಟದ ಮೇಲೆ ಲೋಟ ಕುಡಿದರು. "ನಿಮ್ಮ ಕಡೆಯವರಿಗೆ ಇದು ಸೇರ್ತದಾ ಸಾಹೇಬರೇ?" ಎಂದು ಕೇಳಿದರು.

"ನಿಮ್ಮ ಅಡಕಿ ಮೂಟಿ ಹೇರಾಕ ಬಂದಾಗೆಲ್ಲಾ ನಿಮ್ಮ ಮಂದಿ ಕುಡಿಸಿ ಕುಡಿಸಿ ಚಟಾ ಹಚ್ಚ್ಯಾರ್ರಿ" ಎಂದರು ಸಾಹೇಬರು.

ಇಬ್ಬರೂ ಅಕ್ಕಪಕ್ಕ ಕೂತು ಅಡಿಕೆಯ ಧಾರಣೆ, ಲಾರಿಯ ಟೈರು, ಮಕ್ಕಳ ಮದುವೆ ಎಂದು ಸಂಜೆಯವರೆಗೆ ಹರಟಿದರು. ಯುವ ಘಟಕದವರು ಮಾತ್ರ ಸಾವಿನ ಮನೆಗೆ ಬಂದವರಂತೆ ಹೋಳಿಗೆ ತಿನ್ನುತ್ತಿದ್ದರು. ಅವರಲ್ಲೊಬ್ಬ ಎಲೆ ಮಡಚುತ್ತ ನನಗೆ ಹೇಳಿದ: "ಸರ್, ಅವರೇ ಇಷ್ಟೆಲ್ಲ ಹೊಂದ್ಕಂಡ್ರೆ ಹೊಸಬರನ್ನ ಸೇರಿಸಿ ಎಂತ ಉಪಯೋಗ?"

ಎರಡೂ ಕಡೆಯ ಮಾತು

ದೀಪಾವಳಿ ಕಳೆಯಿತು. ತೀರ್ಮಾನದ ದಿನ ಬಂತು. ಶಿರಸಿಯಲ್ಲಿ ಒಂದು ಕಲ್ಯಾಣ ಮಂಟಪ ಹಿಡಿದಿದ್ದೆವು. ಮೂರು ತಾಲ್ಲೂಕಿನವರೂ ಸೇರಿದ್ದರು. ವೀಕ್ಷಕರು ಬೆಂಗಳೂರಿನವರು, ಗಡಿಬಿಡಿಯ ಮನುಷ್ಯ. ಸಂಜೆ ಹುಬ್ಬಳ್ಳಿಯಲ್ಲಿ ರೈಲು ಹಿಡಿಯಬೇಕು ಎಂದು ಗಡಿಯಾರ ನೋಡುತ್ತಲೇ ವೇದಿಕೆ ಹತ್ತಿದರು. ಪಕ್ಷ ತೆರೆಯಬೇಕು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಹಾಗಾದರೆ ಅಧ್ಯಕ್ಷರು ಇಳಿಯುತ್ತಾರೆ ಎಂದು ಅದೇ ಮನಸ್ಸು ಅಳುತ್ತಲೂ ಇತ್ತು.

ಆಗಲೇ ಒಂದು ಎಡವಟ್ಟು. ಉಪಾಧ್ಯಕ್ಷೆಯ ಗಂಟಲು ಬಿದ್ದುಹೋಗಿತ್ತು. ಹಿಂದಿನ ದಿನ ಸಿದ್ದಾಪುರದಲ್ಲಿ ಹೆಣ್ಣುಮಕ್ಕಳ ಕಬಡ್ಡಿಗೆ ಹೋಗಿ ಕೂಗಿದ್ದೇ ಕೂಗಿದ್ದಂತೆ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ವೀಕ್ಷಕರಿಗೆ ಖುಷಿಯೇ ಆಯಿತು. "ಹಾಗಾದರೆ ಒಂದೇ ಕಡೆಯ ವಾದ. ಅಧ್ಯಕ್ಷರು ಮಾತಾಡಲಿ, ಮುಗಿಸೋಣ" ಎಂದರು.

ಅಧ್ಯಕ್ಷರು ಸುಮ್ಮನೆ ಮಾತಾಡಿದ್ದರೆ ಗೆದ್ದೇ ಗೆಲ್ಲುತ್ತಿದ್ದರು. ಆದರೆ ಅವರು ತಾಳಮದ್ದಳೆಯಲ್ಲಿ ಪಳಗಿದವರು. ವೇಷ ಕಟ್ಟದೆ, ಎದುರುಬದುರು ಕೂತು, ಬರಿ ಮಾತಿನಲ್ಲೇ ಯುದ್ಧ ಮಾಡುವ ಕಲೆ ಅದು. ಅರ್ಥಧಾರಿ ಇವತ್ತು ಸಂಧಿಗೆ ಬಂದವನ ಪಾತ್ರ ಮಾಡುತ್ತಾನೆ, ನಾಳೆ ಸಂಧಿ ಒಲ್ಲೆ ಎಂದವನ ಪಾತ್ರ. ಯಾವ ಪಾತ್ರವೇ ಆಗಲಿ, ವಾದದಲ್ಲಿ ಜಿಪುಣತನ ಮಾಡುವಂತಿಲ್ಲ. ಎದುರು ಅರ್ಥಧಾರಿ ಬರದಿದ್ದರೆ ಆ ಪಾತ್ರವನ್ನೂ ತಾನೇ ತೂಗಿಸುವುದು ಮರ್ಯಾದೆ.

"ಎದುರಿಗೆ ಜನ ಇಲ್ಲದ ಗೆಲುವು ಗೆಲುವಲ್ಲ" ಎಂದರು ಅಧ್ಯಕ್ಷರು. "ಅವರ ಮಾತನ್ನೂ ನಾನೇ ಆಡ್ತೇನೆ."

ಮೊದಲು ತಮ್ಮ ವಾದ. ಪದ್ಧತಿ ಎಂದರೇನು, ಬೇರು ಎಂದರೇನು, ಗಾಳಿ ಬಂದ ಕಡೆ ತೂರಿಕೊಳ್ಳುವವರ ಗತಿ ಏನು ಎಂದು ಚೆನ್ನಾಗಿಯೇ ಹೇಳಿದರು. ಚಪ್ಪಾಳೆ ಬಿತ್ತು. ಆಮೇಲೆ ಎದ್ದು, ಬಲ ಹೆಗಲ ಶಾಲನ್ನು ಎಡ ಹೆಗಲಿಗೆ ಹಾಕಿ, ಎದುರು ಕುರ್ಚಿಗೆ ಹೋಗಿ ಕೂತರು. ಕೂತದ್ದೇ ದನಿ ಬದಲಾಯಿತು.

"ಇಷ್ಟು ಹೊತ್ತು ಬೇರು ಬೇರು ಎಂದ ಹಿರಿಯರೇ" ಎಂದು ತಾವು ಎದ್ದುಬಂದ ಖಾಲಿ ಕುರ್ಚಿಗೆ ಬೆರಳು ತೋರಿಸಿದರು. "ಬೇರಿದ್ದರೆ ಸಾಕೇ, ಚಿಗುರು ಬೇಡವೇ? ನಿಮ್ಮ ಜಗಲಿಗೆ ಬಂದವರ ಜಾತಿ, ಪಕ್ಷ ಕೇಳಿ ಊಟ ಹಾಕಿದಿರಾ? ಮನೆಯಲ್ಲಿ ಇಲ್ಲದ ಬಿಗುಮಾನ ಕಚೇರಿಗೆ ಎಲ್ಲಿಂದ ಬಂತು? ಇದು ಪದ್ಧತಿಯೋ, ಹೊಸಬರನ್ನು ಕಂಡರೆ ಹುಟ್ಟುವ ಹೆದರಿಕೆಯೋ? ಹೇಳಿ!"

ವೀಕ್ಷಕರು ಗಡಿಯಾರ ನೋಡುವುದನ್ನು ಮರೆತರು. ಅಧ್ಯಕ್ಷರು ಉತ್ತರ ಕೊಡಲೆಂದು ಎದ್ದು ತಮ್ಮ ಕುರ್ಚಿಗೆ ವಾಪಸು ಬಂದರು, ಶಾಲು ಬಲ ಹೆಗಲಿಗೆ ಬಂತು. ಆದರೆ ಎದುರಿನ ಖಾಲಿ ಕುರ್ಚಿಗೆ ಕೈಮುಗಿದು, "ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ" ಎಂದರು.

ಪಕ್ಷ ತೆರೆಯಬೇಕು ಎನ್ನುವವರು ಕೈ ಎತ್ತಿ ಎಂದಾಗ ಮಂಟಪವೇ ಕೈ ಎತ್ತಿತು. ನಾನೂ ಎತ್ತಿದೆ. ಅಧ್ಯಕ್ಷರ ಕೈಯೂ ಮೇಲಿತ್ತು.

ಆಡಿದ ಮಾತಿನಂತೆ ಅವರು ಅಲ್ಲೇ ಕುರ್ಚಿ ಬಿಟ್ಟರು. ಬೇಡ ಬೇಡ ಎಂದು ಎಲ್ಲರೂ ಕೂಗಿದೆವು. ಉಪಾಧ್ಯಕ್ಷೆಯಂತೂ ಅಳುತ್ತ ಕೈ ಹಿಡಿದುಕೊಂಡರು. ಅವರು ಕೇಳಲಿಲ್ಲ, ಆಕೆಯನ್ನೇ ಕೂರಿಸಿ ಹಾರ ಹಾಕಿದರು. ಹೊಸ ಅಧ್ಯಕ್ಷೆ ಎರಡು ಮಾತಾಡಬೇಕು ಎಂದು ವೀಕ್ಷಕರು ಮೈಕು ಕೊಟ್ಟರು. ಬರಿ ಗಾಳಿ ಬಂತು. ಹಳೇ ಅಧ್ಯಕ್ಷರು ನಿಂತ ಕಾಲಲ್ಲೇ ಮೈಕು ತೆಗೆದುಕೊಂಡು ಅವರ ಪರವಾಗಿ ಭಾಷಣ ಶುರುಮಾಡಿದರು.

"ಬಂಧುಗಳೇ, ಇಂದಿನಿಂದ ನಾನು ನಿಮ್ಮ ಅಧ್ಯಕ್ಷೆ. ನನ್ನ ಹಿಂದೆ ಇದ್ದವರು ಒಳ್ಳೆಯವರೇ. ಆದರೆ ಮೊಂಡರು. ಅವರ ಹಠದಿಂದ ಪಕ್ಷ ಎಷ್ಟು ಹಿಂದೆ ಬಿತ್ತು ಎಂದರೆ..." ಹೊಸ ಅಧ್ಯಕ್ಷೆ ಇಲ್ಲ ಇಲ್ಲ ಎಂದು ಎರಡೂ ಕೈ ಬೀಸುತ್ತಿದ್ದರು, ಶಾಲು ಹಿಡಿದು ಜಗ್ಗುತ್ತಿದ್ದರು. ಇವರು ನಿಲ್ಲಿಸಲಿಲ್ಲ. ಹಿಂದಿನ ಅಧ್ಯಕ್ಷರ ಒಂದೊಂದು ತಪ್ಪನ್ನೂ ಎತ್ತಿ, ಬೆಂಡೆತ್ತಿ, ಚಪ್ಪಾಳೆ ಗಿಟ್ಟಿಸಿ ಕೆಳಗಿಳಿದರು.

ನಾನು ಹಳೇ ಅಧ್ಯಕ್ಷರ ಹಿಂದೆಯೇ ಹೊರಗೆ ಬಂದೆ. ಅವರು ಚಪ್ಪಲಿ ಹುಡುಕುತ್ತ, ತುಸು ಅಳುಕಿನಿಂದ ನನ್ನ ಕಿವಿಯ ಹತ್ತಿರ ಬಂದು ಕೇಳಿದರು:

"ಭಾವ, ಆ ಹಿಂದಿನ ಅಧ್ಯಕ್ಷನ ಬಗ್ಗೆ ಹೇಳಿದ್ದು ರಾಶಿ ಜಾಸ್ತಿ ಆತನ? ಪಾಪ, ಅವಂಗೆ ಬೇಜಾರಾಗಿಕ್ಕು."