ಕರ್ಚೀಫು ಹಾಕಿದ ಸೀಟು

ನಲವತ್ತು ಮಕ್ಕಳನ್ನು ಒಂದು ಬಸ್ಸಿಗೆ ತುಂಬಿ, ಮ್ಯೂಸಿಯಂ ತೋರಿಸಿ, ಸಂಜೆ ಅದೇ ನಲವತ್ತು ಮಕ್ಕಳನ್ನು ವಾಪಸ್ ತಂದು ಇಳಿಸುವುದು. ಇದರಲ್ಲಿ ಕಷ್ಟವೇನಿದೆ? ಇಪ್ಪತ್ತೆರಡು ವರ್ಷದಿಂದ ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿರುವ ನನಗೆ ಇದು ನೀರು ಕುಡಿದಷ್ಟು ಸುಲಭ ಎಂದೇ ನಂಬಿದ್ದೆ.

ಹೆಡ್ ಮೇಡಂ ಮಾತ್ರ ಒಂದು ಷರತ್ತು ಹಾಕಿದರು. "ಜೊತೆಗೆ ನವೀನ್ ಸರ್ ಬರ್ಲಿ. ಮಕ್ಕಳು ಅವರ ಮಾತು ಕೇಳ್ತಾರೆ."

ಅಂದರೆ? ನನ್ನ ಮಾತು ಕೇಳುವುದಿಲ್ಲ ಎಂದು ತಾನೆ!

ನವೀನ ನಮ್ಮ ಪಿ.ಟಿ. ಮೇಷ್ಟ್ರು. ಬಂದು ಇನ್ನೂ ಒಂದು ವರ್ಷವಾಗಿಲ್ಲ. ಕೊರಳಲ್ಲಿ ಒಂದು ವಿಷಲ್ಲು, ಕಾಲಲ್ಲಿ ಬಿಳಿ ಶೂ, ಆಸ್ತಿ ಅಷ್ಟೇ. ಅವನು ವರಾಂಡದಲ್ಲಿ ಕಾಣಿಸಿದರೆ ಸಾಕು, ಮಕ್ಕಳು "ನವೀನ್ ಸಾರ್" ಎಂದು ಓಡುತ್ತಾರೆ. ನಾನು ಕಾಣಿಸಿದರೂ ಓಡುತ್ತಾರೆ. ದಿಕ್ಕು ಮಾತ್ರ ಬೇರೆ!

ಈ ಪ್ರವಾಸದಲ್ಲಿ ಅವನಿಗೆ ಒಂದು ಪಾಠ ಕಲಿಸಬೇಕೆಂದು ನಿರ್ಧರಿಸಿದೆ. ಇತಿಹಾಸ ನನ್ನ ವಿಷಯ. ಅಲ್ಲಿ ವಿಷಲ್ಲಿಗೆ ಏನು ಕೆಲಸ? ರಾಜಘಟ್ಟದ ಉತ್ಖನನದಿಂದ ಹಿಡಿದು ಪಾಳೆಯಗಾರರವರೆಗೆ ಹದಿನೆಂಟು ಪುಟದ ಟಿಪ್ಪಣಿ ಬರೆದು, ಲ್ಯಾಮಿನೇಷನ್ ಮಾಡಿಸಿದೆ. ಅದನ್ನು ನೋಡಿ ನನ್ನ ಹೆಂಡತಿ ಶೈಲಜಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಅಲ್ರೀ, ನಿಮ್ಮ ಮಗನ ವಯಸ್ಸಿನ ಹುಡುಗನ ಮೇಲೆ ಹೊಟ್ಟೆಕಿಚ್ಚು ಪಡ್ತೀರಲ್ಲ, ನಾಚಿಕೆ ಆಗಲ್ವಾ?"

"ಹೊಟ್ಟೆಕಿಚ್ಚಲ್ಲ ಕಣೇ. ಶೈಕ್ಷಣಿಕ ಕಾಳಜಿ!"

"ಹೌದಾ? ಮತ್ತೆ ನಿದ್ದೇಲಿ ನವೀನ ನವೀನ ಅಂತ ಹಲ್ಲು ಕಡೀತಿದ್ರಲ್ಲ, ಅದೂ ಕಾಳಜೀನಾ?"

ಈಗ ಮುಚ್ಚಿಡುವುದೇನು, ಅದು ಹೊಟ್ಟೆಕಿಚ್ಚೇ.

ಹೊರಡುವ ದಿನ ಬಸ್ ಹತ್ತಿದರೆ ಎಲ್ಲ ಕಿಟಕಿಯಿಂದಲೂ ಒಂದೇ ಕೂಗು. "ನವೀನ್ ಸಾರ್, ಇಲ್ಲಿ! ಕರ್ಚೀಫ್ ಹಾಕಿದೀನಿ!" "ಇಲ್ಲ ಸಾರ್, ನಮ್ ಪಕ್ಕ! ನಾವು ಫಸ್ಟ್ ಹಾಕಿದ್ದು!" ಎಣಿಸಿದೆ. ಏಳು ಕರ್ಚೀಫು! ಒಬ್ಬ ಮನುಷ್ಯನಿಗೆ ಕೂರಲು ಏಳು ಸೀಟು ಯಾಕೆ ಬೇಕು? ಒಂದು ಖಾಲಿ ಸೀಟು ಕಂಡು ನಾನು ಕೂರಲು ಹೋದೆ. "ಸಾರ್, ಇಲ್ಲಿ ಬ್ಯಾಗ್ ಇದೆ" ಎಂದ ಒಬ್ಬ. ಬ್ಯಾಗಿಗಿಂತ ಕಡೆಯಾದ ನಾನು ಹೋಗಿ ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ ಕೂತೆ. ಕೆಳಗೆ ಎಂಜಿನ್ನಿನ ಬಿಸಿ, ಒಳಗೆ ಹೊಟ್ಟೆಯ ಕಿಚ್ಚು. ಬೆಂಗಳೂರು ಬರುವಷ್ಟರಲ್ಲಿ ಎರಡೂ ಕಡೆ ಹದವಾಗಿ ಬೆಂದಿದ್ದೆ.

ನನಗೆ ಹೆಚ್ಚೇನೂ ಬೇಕಿರಲಿಲ್ಲ. ಒಂದು ಮಗು, ಒಂದೇ ಒಂದು ಮಗು, ನನಗಾಗಿ ಒಂದು ಕರ್ಚೀಫು ಹಾಕಬೇಕು. ವಾಪಸ್ ಬರುವಾಗ ಹಾಕಿಸಿಯೇ ತೀರುತ್ತೇನೆ ಎಂದು ಬಾನೆಟ್ ಮೇಲೆ ಕೂತು ಶಪಥ ಮಾಡಿದೆ.

ಬೆಂಗಳೂರಿನ ಮ್ಯೂಸಿಯಂ ಬಂತು. ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ದಿನ ಗೊತ್ತು ಮಾಡುವಾಗ ನವೀನ "ಶನಿವಾರ ಹೋಗೋಣ ಸರ್" ಎಂದಿದ್ದ. ಅವನು ಶನಿವಾರ ಎಂದ ಒಂದೇ ಕಾರಣಕ್ಕೆ ನಾನು ಸೋಮವಾರ ಎಂದೆ. ಸೋಮವಾರ ಜನ ಕಡಿಮೆ ಇರುತ್ತಾರೆ ಎಂದು ಹೆಡ್ ಮೇಡಂಗೆ ವಿವರಣೆಯನ್ನೂ ಕೊಟ್ಟೆ. ನನ್ನ ಮಾತು ನೂರಕ್ಕೆ ನೂರು ನಿಜವಾಯಿತು. ಅಲ್ಲಿ ಒಬ್ಬರೂ ಇರಲಿಲ್ಲ. ಗೇಟಿಗೆ ಬೀಗ!

"ಸೋಮವಾರ ರಜಾ ಅಲ್ವಾ ಸಾರ್? ನೀವೇ ಮೇಷ್ಟ್ರಾ?" ಎಂದ ವಾಚ್‌ಮನ್. ಆ ಎರಡನೆಯ ಪ್ರಶ್ನೆ ಬೇಕಿರಲಿಲ್ಲ.

ನಾನು ಬೆವರು ಒರೆಸಿಕೊಳ್ಳುತ್ತಾ ಯಾರ್ಯಾರಿಗೋ ಫೋನ್ ಮಾಡುತ್ತಿದ್ದರೆ, ನವೀನ ಮಕ್ಕಳನ್ನು ಪಕ್ಕದ ಪಾರ್ಕಿಗೆ ಕರೆದುಕೊಂಡು ಹೋಗಿ ಖೋಖೋ ಶುರು ಮಾಡಿಬಿಟ್ಟಿದ್ದ. ಅಲ್ಲಿಂದ ಕೇಕೆ ಕೇಳಿಸುತ್ತಿತ್ತು. "ಸಾರ್, ಮ್ಯೂಸಿಯಂ ಸೂಪರಾಗಿದೆ ಸಾರ್!" ಎಂದು ಒಬ್ಬ ಹುಡುಗ ನನ್ನತ್ತ ಕೂಗಿ ಹೇಳಿದ.

ಕೊನೆಗೆ ಪುಣ್ಯಕ್ಕೆ ಒಂದು ದಾರಿ ಸಿಕ್ಕಿತು. ದೇವನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ತಮ್ಮ ಹಳೇ ಮನೆಯಲ್ಲಿ ಹಿಂದಿನ ಕಾಲದ ಸಾಮಾನುಗಳನ್ನು ಕೂಡಿಟ್ಟು ಸಣ್ಣ ಮ್ಯೂಸಿಯಂ ಮಾಡಿದ್ದಾರೆ. "ಬನ್ನಿ ಬನ್ನಿ, ನಮಗೆಂಥ ಸೋಮವಾರ" ಎಂದರು. ಬಸ್ ತಿರುಗಿಸಿದೆವು.

ಅಲ್ಲಿ ಬೀಸುವ ಕಲ್ಲು, ಕೊಳಗ, ಸೇರು, ತೂಗುದೀಪ ಎಲ್ಲ ಸಾಲಾಗಿದ್ದವು. ನಾನು ಟಿಪ್ಪಣಿ ತೆಗೆದೆ. ಮಕ್ಕಳು ಸುತ್ತ ನಿಂತರು. ಜೀವ ಬಂದಂತಾಯಿತು. ಅಷ್ಟರಲ್ಲಿ ಚಂದನಾ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ವಸ್ತುವಿನತ್ತ ಕೈ ತೋರಿಸಿ, "ಸಾರ್, ಇದೇನು ಹೇಳಿ?" ಎಂದಳು. ಮರದ್ದು, ಗೇಣುದ್ದ, ಎರಡು ತುದಿಯೂ ಚೂಪು, ನಡುವೆ ಟೊಳ್ಳು. ಹೆಸರಿನ ಚೀಟಿ ಬಿದ್ದುಹೋಗಿತ್ತು. ಪಕ್ಕದಲ್ಲಿ ನವೀನ ನಗುತ್ತಾ ಬಾಯಿ ತೆರೆದ. ಅವನು ಹೇಳಿಬಿಟ್ಟರೆ? ಅವನಿಗಿಂತ ಮೊದಲು ನಾನು ತೆರೆದೆ.

"ಇದು ಗಂಗರ ಕಾಲದ ಯುದ್ಧನೌಕೆಯ ಮಾದರಿ!"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮ್ ಕಡೆ ಸಮುದ್ರ ಎಲ್ಲಿತ್ತು ಸಾರ್?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಆಗ ಅರ್ಕಾವತಿ ತುಂಬಿ ಹರೀತಿತ್ತು ಕಣಪ್ಪ!"

ಚಂದನಾ ಬಾಯಿಗೆ ಕೈ ಅಡ್ಡ ಹಿಡಿದಳು. "ಸಾರ್, ಅದು ಲಾಳಿ. ಸೀರೆ ನೇಯೋ ಲಾಳಿ. ನಮ್ಮನೇಲಿ ಹನ್ನೆರಡು ಯುದ್ಧನೌಕೆ ಇದೆ!"

ನನ್ನ ಊರು ಜಡಿಗೇನಹಳ್ಳಿ ಕಡೆ, ಬೇಸಾಯದ ಮನೆತನ. ಆದರೆ ಇಪ್ಪತ್ತೆರಡು ವರ್ಷದಿಂದ ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲೇ ಬಾಡಿಗೆಗಿದ್ದೇನೆ. ಮಗ್ಗದ ಸದ್ದಿಗೆ ದಿನಾ ಬೈದಿದ್ದೇನೆಯೇ ಹೊರತು ಒಂದು ದಿನ ಒಳಗೆ ಇಣುಕಿ ನೋಡಿಲ್ಲ. ನವೀನನದೋ ನೇಕಾರರ ಮನೆ. ಅವನು ಮೂಲೆಯಲ್ಲಿದ್ದ ಕೈಮಗ್ಗದ ಮುಂದೆ ಕೂತು, ಹಗ್ಗ ಎಳೆದು, ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಓಡಿಸಿದ. ಟಕ್, ಟಕ್! ಮಕ್ಕಳು ಚಪ್ಪಾಳೆ ತಟ್ಟಿದರು. ಮ್ಯೂಸಿಯಂ ಯಜಮಾನರೂ ತಟ್ಟಿದರು. ನಾನೂ ತಟ್ಟಿದೆ, ಸದ್ದು ಬಾರದ ಹಾಗೆ.

ವಾಪಸ್ ಹೊರಡುವಾಗ ನಾನು ಯಾರ ಮುಖವನ್ನೂ ನೋಡದೆ ನೇರ ಬಾನೆಟ್ ಕಡೆ ನಡೆದೆ. ಆಗ ಕೇಳಿಸಿತು.

"ಸಾರ್! ಇಲ್ಲಿ ಬನ್ನಿ! ನಿಮಗೇ ಸೀಟ್ ಹಿಡಿದಿದೀವಿ!"

ಅಭ್ಯಾಸಬಲದಿಂದ ನಾನು ಹಿಂದೆ ನವೀನ ಇದ್ದಾನೇನೋ ಎಂದು ತಿರುಗಿ ನೋಡಿದೆ. ಇರಲಿಲ್ಲ. ಕೂಗಿದವಳು ಚಂದನಾ. ಅವಳ ಮುಂದಿನ ಸೀಟಿನಲ್ಲಿ ಲಿಖಿತ್ ಎಂಬ ಸಣಕಲು ಹುಡುಗ, ಅವನ ಪಕ್ಕದಲ್ಲಿ ಒಂದು ಗುಲಾಬಿ ಬಣ್ಣದ ಕರ್ಚೀಫು. ನನಗೆ! ಕರ್ಚೀಫನ್ನು ಮಡಚಿ ಚಂದನಾಳ ಕೈಗೆ ಕೊಟ್ಟು ಕೂತೆ. ಹಾಗೇ ಆಗಲೇ ಬಂದು ಕೂತಿದ್ದ ನವೀನನ ಕಡೆ ಒಂದು ನೋಟ ಬೀಸಿದೆ. ಬೇಕೆಂದೇ.

"ಸಾರ್, ಪಾಠ ಶುರು ಮಾಡಿ" ಎಂದಳು ಚಂದನಾ.

ಪಾಠ! ಅವರಾಗಿಯೇ ಕೇಳುತ್ತಿದ್ದಾರೆ! "ಯಾವುದಮ್ಮಾ? ಗಂಗರಾ, ಹೊಯ್ಸಳರಾ?"

"ಯಾವುದಾದ್ರೂ ಪರ್ವಾಗಿಲ್ಲ ಸಾರ್. ಲಿಖಿತ್‌ಗೆ ಬಸ್ಸಲ್ಲಿ ವಾಂತಿ ಆಗುತ್ತೆ. ನಿದ್ದೆ ಬಂದ್ರೆ ಮಾತ್ರ ಆಗಲ್ಲ. ನಿಮ್ ಪಾಠಕ್ಕೆ ಅವನು ಐದು ನಿಮಿಷದಲ್ಲಿ ಮಲಗ್ಬಿಡ್ತಾನೆ ಸಾರ್!"

ಏನು ಮಾಡುವುದು, ಕರ್ಚೀಫು ಹಾಕಿಸಿಕೊಂಡಾಗಿತ್ತು. ಗಂಗರ ವಂಶಾವಳಿ ಶುರು ಮಾಡಿದೆ. ಮೂರನೆಯ ರಾಜನಿಗೆ ಬರುವಷ್ಟರಲ್ಲಿ ಲಿಖಿತ್ ನನ್ನ ಭುಜಕ್ಕೆ ಒರಗಿದ. ಐದನೆಯವನಿಗೆ ಬರುವಷ್ಟರಲ್ಲಿ ಹಿಂದಿನ ಸಾಲುಗಳು ಮಲಗಿದವು. ಎದುರು ಸೀಟಿನಲ್ಲಿ ನವೀನನ ಗೊರಕೆ ಕೇಳಿಸಿತು. ಸಾಕೆಂದು ನಿಲ್ಲಿಸಿದರೆ ಚಂದನಾ ಆಕಳಿಸುತ್ತಲೇ ಬೆನ್ನು ತಟ್ಟಿದಳು. "ನಿಲ್ಲಿಸ್ಬೇಡಿ ಸಾರ್, ಎದ್ಬಿಡ್ತಾನೆ!" ಎಂದವಳು ತಾನೂ ಮಲಗಿದಳು. ನಾನು ಒಬ್ಬನೇ ಎಚ್ಚರವಿದ್ದು ಪಾಠ ಮುಂದುವರಿಸಿದೆ.

ಆಗ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಕೈ ಮುಗಿದ. "ಮೇಷ್ಟ್ರೇ, ದಮ್ಮಯ್ಯ, ಸ್ವಲ್ಪ ಮೆಲ್ಲಗೆ ಹೇಳಿ. ನಂಗೂ ತೂಕಡಿಕೆ ಬರ್ತಾ ಇದೆ!"